ಮತಬಲ ಮತ್ತು ಸ್ಥಾನಬಲ: ಕರ್ನಾಟಕ ವಿಧಾನಸಭಾ ಚುನಾವಣೆಗಳಲ್ಲಿ ಪಕ್ಷಗಳ ಏರಿಳಿತ

ವಿಧಾನಸಭಾ ಚುನಾವಣೆಯ ಫಲಿತಾಂಶ ಹೊರಬಿದ್ದ ದಿನ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ಒಂದು ‘ಜನಾದೇಶ’, ಇನ್ನೊಂದು ‘ಅಲೆ’. ಗೆದ್ದ ಪಕ್ಷಕ್ಕೆ ಜನಾದೇಶ ದೊರೆಯಿತು, ಸೋತ ಪಕ್ಷದ ವಿರುದ್ಧ ಅಲೆ ಎದ್ದಿತು ಎಂದು ಹೇಳಿ ವಿಶ್ಲೇಷಣೆ ಮುಗಿಯುತ್ತದೆ. ಈ ತೀರ್ಮಾನಕ್ಕೆ ಆಧಾರ ಪಕ್ಷಗಳು ಪಡೆದ ಸ್ಥಾನಗಳ ಸಂಖ್ಯೆಯೇ ಹೊರತು ಅವು ಪಡೆದ ಮತಗಳ ಪ್ರಮಾಣವಲ್ಲ. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಕರ್ನಾಟಕದ ರಾಜಕೀಯ ಚರಿತ್ರೆ ಬಹುಮಟ್ಟಿಗೆ ಬೇರೆಯದೇ ಆಗಿ ಕಾಣುತ್ತದೆ. ಪ್ರಸ್ತುತ ಲೇಖನದಲ್ಲಿ 1978ರಿಂದ 2023ರವರೆಗಿನ ಹನ್ನೊಂದು ವಿಧಾನಸಭಾ ಚುನಾವಣೆಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಲಾಗಿದೆ. 1978ರಿಂದ ಆರಂಭಿಸಲು ಕಾರಣವುಂಟು. ವಿಧಾನಸಭೆಯ ಚುನಾಯಿತ ಸ್ಥಾನಗಳ ಸಂಖ್ಯೆ 224ಕ್ಕೆ ನಿಂತದ್ದು ಆ ಚುನಾವಣೆಯಿಂದ. ಹೀಗಾಗಿ ಹೋಲಿಕೆ ಸುಲಭವಾಗುತ್ತದೆ.

ಮೊದಲಿಗೆ ಒಂದು ಸಂಗತಿಯನ್ನು ಗಮನಿಸಬೇಕು. ಈ ಹನ್ನೊಂದು ಚುನಾವಣೆಗಳ ಪೈಕಿ ನಾಲ್ಕರಲ್ಲಿ, ಅಂದರೆ 1983, 2004, 2008 ಮತ್ತು 2018ರಲ್ಲಿ, ಅತಿ ಹೆಚ್ಚು ಮತ ಪಡೆದ ಪಕ್ಷ ಅತಿ ಹೆಚ್ಚು ಸ್ಥಾನ ಪಡೆಯಲಿಲ್ಲ. ನಾಲ್ಕೂ ಬಾರಿ ಮತದಲ್ಲಿ ಮುಂದಿದ್ದು ಸ್ಥಾನದಲ್ಲಿ ಹಿಂದುಳಿದದ್ದು ಕಾಂಗ್ರೆಸ್ ಪಕ್ಷ. 1983ರಲ್ಲಿ ಅದಕ್ಕೆ ಶೇ. 40ರಷ್ಟು ಮತ ಬಂದಿತ್ತು, ದೊರೆತ ಸ್ಥಾನ 82. ಶೇ. 33ರಷ್ಟು ಮತ ಪಡೆದ ಜನತಾ ಪಕ್ಷ 95 ಸ್ಥಾನ ಗಳಿಸಿ, ಭಾರತೀಯ ಜನತಾ ಪಕ್ಷ ಹಾಗೂ ಎಡಪಕ್ಷಗಳ ಬೆಂಬಲದಿಂದ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರವನ್ನು ರಚಿಸಿತು. 2004ರ ಅಂತರ ಇನ್ನೂ ವಿಲಕ್ಷಣವಾದುದು. ಶೇ. 35.27 ಮತ ಪಡೆದ ಕಾಂಗ್ರೆಸ್ಸಿಗೆ 65 ಸ್ಥಾನ, ಶೇ. 28.33 ಮತ ಪಡೆದ ಬಿಜೆಪಿಗೆ 79 ಸ್ಥಾನ.

ಇದಕ್ಕೆ ವಿವರಣೆ ಮತಗಳ ಭೌಗೋಳಿಕ ಹಂಚಿಕೆಯಲ್ಲಿದೆ. ಕಾಂಗ್ರೆಸ್ಸಿನ ಮತ ಬೀದರ್‌ನಿಂದ ಚಾಮರಾಜನಗರದವರೆಗೆ ಹೆಚ್ಚುಕಡಿಮೆ ಸಮನಾಗಿ ಹರಡಿಕೊಂಡಿದೆ. ಅದು ಠೇವಣಿ ಕಳೆದುಕೊಳ್ಳುವ ಕ್ಷೇತ್ರಗಳು ವಿರಳ, ಆದರೆ ಅಲ್ಪ ಅಂತರದಲ್ಲಿ ಸೋಲುವ ಕ್ಷೇತ್ರಗಳು ಬಹಳ. ಬಿಜೆಪಿಯ ಮತ ಕರಾವಳಿ, ಮಲೆನಾಡು, ಮುಂಬಯಿ ಕರ್ನಾಟಕ ಹಾಗೂ ಬೆಂಗಳೂರು ನಗರದಲ್ಲಿ ಸಾಂದ್ರವಾಗಿದ್ದು, ಹಳೆಯ ಮೈಸೂರಿನ ಗ್ರಾಮಾಂತರದಲ್ಲಿ ತೆಳುವಾಗಿದೆ. ಜನತಾದಳ (ಜಾತ್ಯತೀತ) ಪಕ್ಷದ್ದು ಇದಕ್ಕೆ ಬಹುತೇಕ ವಿರುದ್ಧವಾದ ಚಿತ್ರ. ಎಲ್ಲಿ ಗೆಲ್ಲಬೇಕೋ ಅಲ್ಲಿ ಮತ ಕೂಡಿಹಾಕಿದ ಪಕ್ಷ ಲಾಭ ಪಡೆಯುತ್ತದೆ. ಎಲ್ಲೆಡೆ ಎರಡನೆಯ ಸ್ಥಾನ ಕಾಯ್ದುಕೊಂಡ ಪಕ್ಷಕ್ಕೆ ಗೌರವ ಮಾತ್ರ ಉಳಿಯುತ್ತದೆ. ಬಹುಮತಕ್ಕಿಂತ ಒಂದು ಮತ ಹೆಚ್ಚು ಪಡೆದವನೇ ವಿಜೇತ ಎಂಬ ನಮ್ಮ ಪದ್ಧತಿಯ ಸಹಜ ಪರಿಣಾಮವಿದು. ‘ಬಹುಮತ’ ಎಂಬ ಮಾತನ್ನು ಇಲ್ಲಿ ರೂಢಿಗನುಸಾರ ಬಳಸಿದ್ದೇನೆ. ಕ್ಷೇತ್ರದ ಅರ್ಧಕ್ಕಿಂತ ಹೆಚ್ಚು ಮತ ಪಡೆದು ಗೆಲ್ಲಲೇಬೇಕೆಂಬ ನಿಯಮ ನಮ್ಮಲ್ಲಿ ಇಲ್ಲವೆಂಬುದು ಎಲ್ಲರಿಗೂ ತಿಳಿದದ್ದೇ.

ಎರಡನೆಯ ಅಂಶ ಇನ್ನೂ ಮುಖ್ಯವಾದುದು. ಸ್ಥಾನಗಳಲ್ಲಿ ಭಾರಿ ಪಲ್ಲಟವಾದ ಚುನಾವಣೆಗಳಲ್ಲಿ ಹಲವು ಬಾರಿ ಮತದ ಮೊತ್ತದಲ್ಲಿ ಅಷ್ಟು ಪಲ್ಲಟವಾಗಿಲ್ಲ. 2008 ಮತ್ತು 2013ನ್ನು ತೆಗೆದುಕೊಳ್ಳೋಣ. 2008ರಲ್ಲಿ ಬಿಜೆಪಿ 110 ಸ್ಥಾನ ಗೆದ್ದು ದಕ್ಷಿಣ ಭಾರತದಲ್ಲಿ ಮೊದಲ ಬಾರಿಗೆ ಸ್ವಂತ ನೇತೃತ್ವದ ಸರ್ಕಾರ ರಚಿಸಿತು. 2013ರಲ್ಲಿ ಅದು 40ಕ್ಕೆ ಕುಸಿಯಿತು. ಕಾಂಗ್ರೆಸ್ 80ರಿಂದ 122ಕ್ಕೆ ಏರಿತು. ಭ್ರಷ್ಟಾಚಾರದ ಆರೋಪಗಳಿಂದ ಜನ ಬೇಸತ್ತು ಪಕ್ಷವನ್ನು ತಿರಸ್ಕರಿಸಿದರೆಂದು ಆಗ ವ್ಯಾಖ್ಯಾನಿಸಲಾಯಿತು. ಆದರೆ ಕಾಂಗ್ರೆಸ್ಸಿನ ಮತ ಶೇ. 34.76ರಿಂದ 36.59ಕ್ಕೆ ಮಾತ್ರ ಹೆಚ್ಚಿತ್ತು. ಬಿಜೆಪಿಯ ಮತ ಶೇ. 33.86ರಿಂದ 19.89ಕ್ಕೆ ಇಳಿದದ್ದು ನಿಜ. ಹಾಗೆ ಇಳಿದ ಮತ ಬಹುಪಾಲು ದೂರ ಹೋಗಿರಲಿಲ್ಲ. ಬಿ.ಎಸ್. ಯಡಿಯೂರಪ್ಪನವರ ಕರ್ನಾಟಕ ಜನತಾ ಪಕ್ಷ ಶೇ. 9.79ರಷ್ಟು, ಬಿ. ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್ ಶೇ. 2.7ರಷ್ಟು ಮತ ಪಡೆದಿದ್ದವು. ಮೂರನ್ನೂ ಕೂಡಿಸಿದರೆ ಶೇ. 32ಕ್ಕೂ ಮೇಲಾಗುತ್ತದೆ, ಅಂದರೆ 2008ರ ಮೊತ್ತಕ್ಕೆ ಸಮೀಪ. ಮನೆ ಒಡೆದು ಮೂರು ಪಾಲಾಯಿತು. ಪಾಲಾದ ಆಸ್ತಿಯಿಂದ ನೆರೆಮನೆಯವರಿಗೆ ಲಾಭವಾಯಿತು.

ಇದೇ ಕ್ರಮ ಹಿಂದೆಯೂ ಕಾಣುತ್ತದೆ. 1989ರಲ್ಲಿ ವೀರೇಂದ್ರ ಪಾಟೀಲರ ನಾಯಕತ್ವದಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದಾಗ ಅದರ ಮತ ಶೇ. 43.76. ಜನತಾ ಪರಿವಾರ ಆಗ ಒಡೆದು, ಜನತಾದಳಕ್ಕೆ ಶೇ. 27ರಷ್ಟು ಮತ ಮತ್ತು 24 ಸ್ಥಾನ, ಬೇರೆಯಾಗಿ ಉಳಿದ ಜನತಾ ಪಕ್ಷಕ್ಕೆ ಶೇ. 11ರಷ್ಟು ಮತ ಮತ್ತು ಕೇವಲ 2 ಸ್ಥಾನ ದೊರೆತವು. 1994ರಲ್ಲಿ ಒಡೆಯುವ ಸರದಿ ಕಾಂಗ್ರೆಸ್ಸಿನದು. ಎಸ್. ಬಂಗಾರಪ್ಪನವರ ಕರ್ನಾಟಕ ಕಾಂಗ್ರೆಸ್ ಪಕ್ಷ ಶೇ. 7.31 ಮತ ಸೆಳೆಯಿತು. ಮೂಲ ಕಾಂಗ್ರೆಸ್ ಶೇ. 26.95ಕ್ಕೆ ಇಳಿದು 34 ಸ್ಥಾನಗಳೊಂದಿಗೆ ಮೂರನೆಯ ಪಕ್ಷವಾಯಿತು. ಅದಕ್ಕಿಂತ ಶೇ. 10ರಷ್ಟು ಕಡಿಮೆ ಮತ ಪಡೆದ ಬಿಜೆಪಿ 40 ಸ್ಥಾನಗಳೊಂದಿಗೆ ಅಧಿಕೃತ ವಿರೋಧ ಪಕ್ಷದ ಸ್ಥಾನಕ್ಕೇರಿತು. 1999ರಲ್ಲಿ ಮತ್ತೆ ಜನತಾದಳ ಒಡೆಯಿತು, ಎಸ್.ಎಂ. ಕೃಷ್ಣ ಅವರ ಕಾಂಗ್ರೆಸ್ಸಿಗೆ 132 ಸ್ಥಾನ ಬಂದವು.

ಈ ಮಾತಿಗೆ ಒಂದು ಮಿತಿಯಿದೆ. ಮೊತ್ತದ ಅಂಕಿಗಳು ನಿವ್ವಳ ಬದಲಾವಣೆಯನ್ನು ಮಾತ್ರ ತೋರಿಸುತ್ತವೆ. ಒಳಗೊಳಗೇ ಇತ್ತಿಂದತ್ತ ಅತ್ತಿಂದಿತ್ತ ಹರಿದ ಮತವನ್ನು ತೋರಿಸುವುದಿಲ್ಲ. 1990ರಲ್ಲಿ ವೀರೇಂದ್ರ ಪಾಟೀಲರನ್ನು ಮುಖ್ಯಮಂತ್ರಿ ಸ್ಥಾನದಿಂದ ತೆಗೆದುದರಿಂದ ಲಿಂಗಾಯತ ಮತದಾರರು ಒಟ್ಟಾಗಿ ಬಿಜೆಪಿಗೆ ಹೋದರೆಂಬ ಮಾತು ಇಂದು ಬಹುತೇಕ ಸಿದ್ಧಾಂತದಂತೆ ಬಳಕೆಯಲ್ಲಿದೆ. ಬಿಜೆಪಿಯ ಮತ 1989ರ ಶೇ. 4ರಿಂದ 1994ರಲ್ಲಿ ಶೇ. 17ಕ್ಕೆ ಏರಿದ್ದು ಹೌದು. ಆದರೆ ಅದೇ 1994ರಲ್ಲಿ ಅಧಿಕಾರ ಹಿಡಿದದ್ದು ಜನತಾದಳ. ಅದರ ಮುಂಚೂಣಿಯಲ್ಲಿ ಜೆ.ಎಚ್. ಪಟೇಲರು, ಎಸ್.ಆರ್. ಬೊಮ್ಮಾಯಿಯವರು ಇದ್ದರು. ಆ ನಡುವೆ ರಾಮಜನ್ಮಭೂಮಿ ಚಳವಳಿ, ಹುಬ್ಬಳ್ಳಿ ಈದ್ಗಾ ಮೈದಾನದ ವಿವಾದ ನಡೆದಿದ್ದವು. ಹತ್ತು ಹದಿನೈದು ವರ್ಷಗಳ ಸರಿತವನ್ನು ಒಂದು ದಿನದ ಘಟನೆಗೆ ಹೊರಿಸುವುದು ಕಥೆಗೆ ಅನುಕೂಲ, ಚರಿತ್ರೆಗೆ ಅಲ್ಲ.

ಮತದಾರನೇ ಮನಸ್ಸು ಬದಲಾಯಿಸಿದ ನಿದರ್ಶನ ಕರ್ನಾಟಕದಲ್ಲಿ ಇಲ್ಲವೇ ಎಂದರೆ, ಇದೆ. ಅದು ಒಕ್ಕೂಟ ವ್ಯವಸ್ಥೆಯ ಅಧ್ಯಯನಕ್ಕೆ ಅಮೂಲ್ಯವಾದುದು. 1984ರ ಡಿಸೆಂಬರಿನಲ್ಲಿ, ಇಂದಿರಾ ಗಾಂಧಿಯವರ ಹತ್ಯೆಯ ನಂತರ ನಡೆದ ಲೋಕಸಭಾ ಚುನಾವಣೆಯಲ್ಲಿ, ರಾಜ್ಯದ 28 ಸ್ಥಾನಗಳಲ್ಲಿ ಕಾಂಗ್ರೆಸ್ 24 ಗೆದ್ದಿತು. ಅದರ ಮತ ಶೇ. 51ನ್ನು ಮೀರಿತ್ತು. ಇದನ್ನು ತಮ್ಮ ಸರ್ಕಾರದ ಮೇಲಿನ ತೀರ್ಪೆಂದು ಪರಿಗಣಿಸಿದ ಹೆಗಡೆಯವರು ರಾಜೀನಾಮೆ ನೀಡಿ ವಿಧಾನಸಭೆಯ ವಿಸರ್ಜನೆಗೆ ಶಿಫಾರಸು ಮಾಡಿದರು. 1985ರ ಮಾರ್ಚಿನಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ಕಾಂಗ್ರೆಸ್ಸಿನ ಮತ ಶೇ. 41ರ ಸುಮಾರಿಗೆ ಇಳಿದು, ಜನತಾ ಪಕ್ಷದ್ದು ಶೇ. 35ರಿಂದ 43ಕ್ಕೂ ಮೇಲೇರಿತು. ಕೆಲವೇ ವಾರಗಳಲ್ಲಿ ಆದ ಈ ಬದಲಾವಣೆಗೆ ಪಕ್ಷ ಒಡೆದದ್ದು ಕಾರಣವಲ್ಲ. ದೆಹಲಿಗೊಂದು, ಬೆಂಗಳೂರಿಗೊಂದು ಎಂದು ಮತದಾರ ವಿವೇಚಿಸಿದ್ದಾನೆ.

ಯುರೋಪಿನ ಒಕ್ಕೂಟ ರಾಷ್ಟ್ರವಾದ ಜರ್ಮನಿಯಲ್ಲಿ ಇದರ ಪ್ರತಿಬಿಂಬವೆನ್ನಬಹುದಾದ ಘಟನೆಯೊಂದು 2005ರಲ್ಲಿ ನಡೆಯಿತು. ಅಲ್ಲಿನ ಅತ್ಯಂತ ಜನಭರಿತ ರಾಜ್ಯವಾದ ನಾರ್ತ್ ರೈನ್-ವೆಸ್ಟ್‌ಫಾಲಿಯಾದಲ್ಲಿ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ 39 ವರ್ಷಗಳ ನಂತರ ಅಧಿಕಾರ ಕಳೆದುಕೊಂಡಿತು. ಮೇ 22ರ ಆ ಸಂಜೆಯೇ ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ ಅವರ ಪಕ್ಷ ಕೇಂದ್ರ ಸಂಸತ್ತಿಗೆ ಅವಧಿಪೂರ್ವ ಚುನಾವಣೆ ನಡೆಸುವ ನಿರ್ಧಾರ ಪ್ರಕಟಿಸಿತು. ಕರ್ನಾಟಕದಲ್ಲಿ ಕೇಂದ್ರದ ಚುನಾವಣೆ ರಾಜ್ಯ ಸರ್ಕಾರವನ್ನು ಕದಲಿಸಿದರೆ, ಅಲ್ಲಿ ರಾಜ್ಯದ ಚುನಾವಣೆ ಕೇಂದ್ರವನ್ನು ಕದಲಿಸಿತು. ಅಲ್ಲಿನ ಮೇಲ್ಮನೆಯಾದ ಬುಂಡೆಸ್‌ರಾಟ್‌ನಲ್ಲಿ ಕುಳಿತುಕೊಳ್ಳುವವರು ರಾಜ್ಯ ಸರ್ಕಾರಗಳ ಪ್ರತಿನಿಧಿಗಳು; ಒಂದು ರಾಜ್ಯದಲ್ಲಿ ಸರ್ಕಾರ ಬದಲಾದೊಡನೆ ಮೇಲ್ಮನೆಯ ಬಲಾಬಲವೂ ಬದಲಾಗುತ್ತದೆ. ನಮ್ಮ ರಾಜ್ಯಸಭೆಯ ಸದಸ್ಯರಿಗೆ ಆರು ವರ್ಷಗಳ ಅವಧಿಯಿದ್ದು ಎರಡು ವರ್ಷಕ್ಕೊಮ್ಮೆ ಮೂರನೆಯ ಒಂದು ಭಾಗ ನಿವೃತ್ತವಾಗುವುದರಿಂದ, ವಿಧಾನಸಭೆಯ ಫಲಿತಾಂಶ ದೆಹಲಿಯನ್ನು ತಲುಪುವುದು ನಿಧಾನ. ಇನ್ನೊಂದು ವ್ಯತ್ಯಾಸ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಜರ್ಮನಿಯಲ್ಲಿ ಸ್ಥಾನಗಳನ್ನು ಮತಪ್ರಮಾಣಕ್ಕೆ ಅನುಗುಣವಾಗಿ ಹಂಚಲಾಗುತ್ತದೆ, ಸಾಮಾನ್ಯವಾಗಿ ಶೇ. 5ಕ್ಕಿಂತ ಕಡಿಮೆ ಮತ ಪಡೆದವರಿಗೆ ಪ್ರವೇಶವಿಲ್ಲ. ಆದ್ದರಿಂದ ಪಕ್ಷವೊಂದು ಒಡೆದರೆ ಎರಡೂ ಹೋಳುಗಳು ಶಾಸನಸಭೆಯಲ್ಲಿ ಉಳಿಯಬಹುದು. ನಮ್ಮಲ್ಲಿ ಒಡೆದವರು ಇಬ್ಬರೂ ಹೊರಗೆ ನಿಲ್ಲುವ ಸಂಭವವೇ ಹೆಚ್ಚು.

ಸ್ಥಳೀಯ ನೆಲೆಯಲ್ಲಿ ಇದನ್ನು ನೋಡಲು ಮೈಸೂರು ಉತ್ತಮ ಉದಾಹರಣೆ. ನಗರದ ಕೃಷ್ಣರಾಜ, ಚಾಮರಾಜ, ನರಸಿಂಹರಾಜ ಎಂಬ ಮೂರೂ ಕ್ಷೇತ್ರಗಳು 1994ರಲ್ಲಿ ಬಿಜೆಪಿಗೆ, 2013ರಲ್ಲಿ ಕಾಂಗ್ರೆಸ್ಸಿಗೆ ಒಲಿದಿದ್ದವು. 2018ರಲ್ಲಿ ಎರಡು ಬಿಜೆಪಿಗೆ, ಒಂದು ಕಾಂಗ್ರೆಸ್ಸಿಗೆ. 2023ರಲ್ಲಿ ಎರಡು ಕಾಂಗ್ರೆಸ್ಸಿಗೆ, ಒಂದು ಬಿಜೆಪಿಗೆ. ಮಂಡಿ ಮೊಹಲ್ಲಾ, ಲಷ್ಕರ್ ಮೊಹಲ್ಲಾಗಳಂತಹ ಹಳೆಯ ಕೇರಿಗಳಲ್ಲಿ ವರ್ತಕರು, ಕುಶಲಕರ್ಮಿಗಳು, ಮುಸ್ಲಿಮರು, ಹಿಂದೂಗಳು ಒತ್ತೊತ್ತಾಗಿ ವಾಸಿಸುತ್ತಾರೆ. ಇಂತಹ ಕಡೆ ಒಂದೊಂದು ಸಮುದಾಯದ ಮತ ಒಂದೇ ಅಭ್ಯರ್ಥಿಗೆ ಸೇರುವುದೋ, ಇಬ್ಬರಲ್ಲಿ ಹರಿದುಹೋಗುವುದೋ ಎಂಬುದೇ ಫಲಿತಾಂಶವನ್ನು ನಿರ್ಣಯಿಸುವ ಅಂಶ. ಅಜೀಜ್ ಸೇಠ್ ಅವರು ಹಲವು ಬಾರಿ ಪ್ರತಿನಿಧಿಸಿದ್ದ, 2002ರ ಉಪಚುನಾವಣೆಯಿಂದ ಅವರ ಪುತ್ರ ತನ್ವೀರ್ ಸೇಠ್ ಪ್ರತಿನಿಧಿಸುತ್ತಿರುವ ನರಸಿಂಹರಾಜ ಕ್ಷೇತ್ರದಲ್ಲಿ 2013ರಲ್ಲಿ ಎರಡನೆಯ ಸ್ಥಾನ ಪಡೆದದ್ದು 2009ರಲ್ಲಿ ಹುಟ್ಟಿದ ಸೋಷಿಯಲ್ ಡೆಮಾಕ್ರಟಿಕ್ ಪಾರ್ಟಿ ಆಫ್ ಇಂಡಿಯಾ. 2018 ಮತ್ತು 2023ರಲ್ಲಿ ಅದು ಮೂರನೆಯದಾಗಿ, ಬಿಜೆಪಿ ಎರಡನೆಯದಾಯಿತು; ಆದರೂ ಎರಡೂ ಬಾರಿ ಆ ಪಕ್ಷಕ್ಕೆ 30 ಸಾವಿರಕ್ಕೂ ಹೆಚ್ಚು ಮತ ಬಂದಿವೆ. ರಾಜ್ಯದ ಕೋಷ್ಟಕದಲ್ಲಿ ‘ಇತರರು’ ಎಂಬ ಸಾಲಿನಲ್ಲಿ ಕರಗಿಹೋಗುವ ಮತಗಳಿವು. ಕ್ಷೇತ್ರದೊಳಗೆ ಮಾತ್ರ ಅವಕ್ಕೆ ತೂಕವುಂಟು.

ಮಂಡಿ ಮೊಹಲ್ಲಾದ ಮತದಾರ ಶಾಸಕನನ್ನು ಆರಿಸುವಾಗ ನಗರದ ನೆರೆಹೊರೆಯವರೊಡನೆ ನಿಲ್ಲುತ್ತಾನೆ. ಸಂಸದನನ್ನು ಆರಿಸುವಾಗ ಪಿರಿಯಾಪಟ್ಟಣ, ಹುಣಸೂರಿನ ಹೊಗೆಸೊಪ್ಪಿನ ಬೆಳೆಗಾರರೊಡನೆ, ಮಡಿಕೇರಿ, ವಿರಾಜಪೇಟೆಯ ಕಾಫಿ ಬೆಳೆಗಾರರೊಡನೆ ಸೇರುತ್ತಾನೆ. 2023ರಲ್ಲಿ ಮೈಸೂರು ಲೋಕಸಭಾ ಕ್ಷೇತ್ರಕ್ಕೆ ಸೇರಿದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಐದನ್ನು ಕಾಂಗ್ರೆಸ್, ಎರಡನ್ನು ಜನತಾದಳ (ಜಾತ್ಯತೀತ), ಒಂದನ್ನು ಬಿಜೆಪಿ ಗೆದ್ದಿದ್ದವು. ಮರುವರ್ಷ, 2024ರಲ್ಲಿ, ಬಿಜೆಪಿಯ ಯದುವೀರ್ ಕೃಷ್ಣದತ್ತ ಚಾಮರಾಜ ಒಡೆಯರ್ ಸುಮಾರು 1.39 ಲಕ್ಷ ಮತಗಳ ಅಂತರದಿಂದ ಜಯಗಳಿಸಿದರು. ಇಲ್ಲಿ 1985ರ ವಿವೇಚನೆಯೂ ಇದೆ, 2013ರ ಗಣಿತವೂ ತಿರುಗುಮುರುಗಾಗಿ ಇದೆ. ಹಿಂದೆ ಎದುರಾಳಿಗಳಾಗಿದ್ದ ಬಿಜೆಪಿ ಮತ್ತು ಜನತಾದಳ (ಜಾತ್ಯತೀತ) ಈ ಬಾರಿ ಮೈತ್ರಿ ಮಾಡಿಕೊಂಡಿದ್ದವು. ರಾಜ್ಯದಾದ್ಯಂತ ಕಾಂಗ್ರೆಸ್ಸಿನ ಮತ 2023ರ ಶೇ. 42.88ರಿಂದ 2024ರಲ್ಲಿ ಶೇ. 45ಕ್ಕೆ ಹೆಚ್ಚಿತು, ದೊರೆತದ್ದು 28ರಲ್ಲಿ 9 ಸ್ಥಾನ.

2023ರ ವಿಧಾನಸಭಾ ಫಲಿತಾಂಶವನ್ನೂ ಈ ಬೆಳಕಿನಲ್ಲಿ ಓದಬೇಕು. ಬಿಜೆಪಿ 104ರಿಂದ 66ಕ್ಕೆ ಇಳಿಯಿತು. ಅದರ ಮತ ಮಾತ್ರ 2018ರಲ್ಲಿದ್ದಂತೆ ಶೇ. 36ರ ಆಸುಪಾಸಿನಲ್ಲೇ ಉಳಿಯಿತು. ಕುಸಿದದ್ದು ಜನತಾದಳ (ಜಾತ್ಯತೀತ), ಶೇ. 18ರಿಂದ 13ಕ್ಕೆ, ಏರಿದ್ದು ಕಾಂಗ್ರೆಸ್, ಶೇ. 38ರಿಂದ ಸುಮಾರು 43ಕ್ಕೆ. 2018ರಲ್ಲಿ ಏಳಕ್ಕೆ ಏಳನ್ನೂ ಜನತಾದಳಕ್ಕೆ ಕೊಟ್ಟಿದ್ದ ಮಂಡ್ಯ ಜಿಲ್ಲೆ 2023ರಲ್ಲಿ ಐದನ್ನು ಕಾಂಗ್ರೆಸ್ಸಿಗೂ, ಒಂದನ್ನು ಸರ್ವೋದಯ ಕರ್ನಾಟಕ ಪಕ್ಷಕ್ಕೂ ಕೊಟ್ಟು ಜನತಾದಳಕ್ಕೆ ಒಂದನ್ನು ಉಳಿಸಿತು. ಅದೇ ವೇಳೆ ಉಡುಪಿ ಜಿಲ್ಲೆಯ ಐದೂ ಸ್ಥಾನಗಳು ಬಿಜೆಪಿಯಲ್ಲೇ ಉಳಿದವು. ಒಂದೇ ಚುನಾವಣೆ, ಎರಡು ಜಿಲ್ಲೆ, ಎರಡು ಬೇರೆ ಬೇರೆ ತೀರ್ಪು. ‘ರಾಜ್ಯದ ಅಲೆ’ ಎಂಬ ಮಾತು ಇವೆರಡನ್ನೂ ಒಟ್ಟಿಗೆ ವಿವರಿಸಲಾರದು.

ಮತವು ಸ್ಥಾನವಾದ ಮೇಲೂ ಬಲಾಬಲ ಸ್ಥಿರವಾಗಿ ನಿಲ್ಲುವುದಿಲ್ಲ. 1985ರ ಪಕ್ಷಾಂತರ ನಿಷೇಧ ಶಾಸನದ ಬಳಿಕವೂ, ಶಾಸಕರು ರಾಜೀನಾಮೆ ಕೊಟ್ಟು ಬೇರೆ ಪಕ್ಷದಿಂದ ಮರಳಿ ಗೆದ್ದು ಬರುವ ಮಾರ್ಗವೊಂದು 2008ರ ನಂತರ ರೂಢಿಗೆ ಬಂದಿತು. 2019ರಲ್ಲಿ ಕಾಂಗ್ರೆಸ್-ಜನತಾದಳ ಮೈತ್ರಿ ಸರ್ಕಾರ ಬಿದ್ದದ್ದು ಹೀಗೆ. ಆ ವರ್ಷದ ಡಿಸೆಂಬರಿನ 15 ಉಪಚುನಾವಣೆಗಳಲ್ಲಿ ಬಿಜೆಪಿ 12 ಗೆದ್ದಿತು. ಸರ್ಕಾರದ ಬಹುಮತ ತೀರ್ಮಾನವಾಗಬೇಕಾದದ್ದು ಸದನದಲ್ಲಿಯೇ ಹೊರತು ರಾಜಭವನದಲ್ಲಲ್ಲ ಎಂಬ ತತ್ತ್ವ ಸ್ಥಾಪಿತವಾದದ್ದು ಕರ್ನಾಟಕದ್ದೇ ಮೊಕದ್ದಮೆಯಲ್ಲಿ. 1989ರಲ್ಲಿ ವಜಾಗೊಂಡ ಎಸ್.ಆರ್. ಬೊಮ್ಮಾಯಿಯವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1994ರ ಮಾರ್ಚಿನಲ್ಲಿ ನೀಡಿದ ತೀರ್ಪು ಅದು. ಆದರೆ ಸದನದೊಳಗಿನ ಬಹುಮತ ಹೊರಗಿನ ಮತಕ್ಕೆ ಎಷ್ಟು ಸಮೀಪವಿರಬೇಕೆಂಬ ಪ್ರಶ್ನೆ ಆ ತೀರ್ಪಿನ ವ್ಯಾಪ್ತಿಗೆ ಬರುವುದಿಲ್ಲ.

ಆ ಪ್ರಶ್ನೆಗೆ ಮುಂದಿನ ತಿರುವು ಕ್ಷೇತ್ರ ಪುನರ್ವಿಂಗಡಣೆಯಿಂದ ಬರಲಿದೆ. 2008ರ ಪುನರ್ವಿಂಗಡಣೆಯಲ್ಲಿ ಬೆಂಗಳೂರು ನಗರದ ಕ್ಷೇತ್ರಗಳು 28ಕ್ಕೇರಿದವು. ಆ ವರ್ಷವೇ ಅವುಗಳಲ್ಲಿ 17ನ್ನು ಬಿಜೆಪಿ ಗೆದ್ದಿತು. ಮೈಸೂರಿನ ಸುತ್ತ ವರುಣ ಎಂಬ ಹೊಸ ಕ್ಷೇತ್ರ ಹುಟ್ಟಿ ಸಿದ್ದರಾಮಯ್ಯನವರಿಗೆ ನೆಲೆಯಾಯಿತು. ಸಂವಿಧಾನದ 84ನೆಯ ತಿದ್ದುಪಡಿಯಂತೆ ಸ್ಥಾನಗಳ ಮರುಹಂಚಿಕೆ 2026ರ ನಂತರದ ಮೊದಲ ಜನಗಣತಿಯವರೆಗೆ ತಡೆಹಿಡಿಯಲ್ಪಟ್ಟಿದೆ. ಆ ಗಣತಿಯ ಆಧಾರದ ಮೇಲೆ ಗಡಿಗಳನ್ನು ಮತ್ತೆ ಎಳೆದಾಗ ರಾಜಧಾನಿಯ ಪಾಲು ಬೆಳೆಯುವುದೂ, ಮಂಡ್ಯ, ಹಾಸನಗಳಂತಹ ಜಿಲ್ಲೆಗಳ ಪಾಲು ಕುಗ್ಗುವುದೂ ಸಂಭವನೀಯ. ಒಬ್ಬ ಮತದಾರನೂ ಮನಸ್ಸು ಬದಲಾಯಿಸದೆ ಪಕ್ಷಗಳ ಬಲ ಬದಲಾಗುವ ಇನ್ನೊಂದು ಬಗೆಯದು.