ಮೂರು ಸಾಲಿನ ಗಾಡಿಯಲ್ಲಿ ಮಗುವಿನ ಸ್ಥಳ ಯಾವುದು?

ತಂದೆ, ತಾಯಿ, ಅಜ್ಜ, ಅಜ್ಜಿ, ನಾಲ್ಕು ವರ್ಷದ ಒಬ್ಬ ಹುಡುಗ, ಒಂದು ವರ್ಷದ ಒಂದು ಕೂಸು—ಹೀಗೆ ಆರು ಜನರ ಸಂಸಾರವೊಂದು ಬೆಂಗಳೂರಿನಿಂದ ಶಿರಾಡಿ ಘಾಟಿಯ ಮಾರ್ಗವಾಗಿ ಧರ್ಮಸ್ಥಳಕ್ಕೆ ಹೊರಡಬೇಕಾಗಿದೆಯೆಂದು ಭಾವಿಸೋಣ. ಐದು ಜನರ ಕಾರು ಇವರಿಗೆ ಸಾಲದು. ಆದುದರಿಂದಲೇ ಮೂರು ಸಾಲು ಆಸನಗಳುಳ್ಳ ಗಾಡಿ ನಮ್ಮ ಕೂಡುಕುಟುಂಬಗಳಿಗೆ ಬಹು ಬೇಗ ಒಗ್ಗಿಹೋಯಿತು. ಬಿಡದಿಯ ಕಾರ್ಖಾನೆಯಲ್ಲಿ ತಯಾರಾದ ಟೊಯೋಟಾ ಕ್ವಾಲಿಸ್ 2000ದಲ್ಲಿಯೂ, ಅದರ ಸ್ಥಾನಕ್ಕೆ ಬಂದ ಇನ್ನೋವಾ 2005ರಲ್ಲಿಯೂ ರಸ್ತೆಗಿಳಿದವು. ಆಮೇಲೆ ಬೇರೆ ಬೇರೆ ಕಂಪೆನಿಗಳ ಇಂಥ ಗಾಡಿಗಳು ಎಷ್ಟೋ ಬಂದಿವೆ. ಕೊಳ್ಳಲು ಹೋದವರು ಕೇಳುವ ಪ್ರಶ್ನೆಗಳು ನಮಗೆಲ್ಲ ಬಾಯಿಪಾಠ. ಎಷ್ಟು ಜನ ಕೂರಬಹುದು? ಲೀಟರಿಗೆ ಎಷ್ಟು ಕಿಲೋಮೀಟರು? ಹಿಂದಿನ ಸಾಲಿಗೂ ತಂಪುಗಾಳಿ ಬರುತ್ತದೆಯೆ? ಕೂಸನ್ನು ಎಲ್ಲಿ, ಯಾವ ದಿಕ್ಕಿಗೆ ಮುಖ ಮಾಡಿ, ಯಾವುದಕ್ಕೆ ಬಿಗಿದು ಕೂರಿಸಬಹುದು ಎಂದು ಕೇಳುವವರು ಮಾತ್ರ ವಿರಳ. ಕೂಸಿಗೇನು, ತಾಯಿಯ ಮಡಿಲಿದೆಯಲ್ಲ ಎಂಬುದು ಎಲ್ಲರ ಭಾವನೆ. ಆ ಮಡಿಲಿನ ಲೆಕ್ಕವನ್ನೇ ಮೊದಲು ಮಾಡಿ ನೋಡೋಣ.

ಗಂಟೆಗೆ 50 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 13.9 ಮೀಟರು. ಇದು ಹೆದ್ದಾರಿಯಲ್ಲಿ ಯಾರೂ ಲಕ್ಷಿಸದ ವೇಗ. ಆದರೆ ಮೇಲಿನಿಂದ ಬೀಳುವ ಒಂದು ವಸ್ತು ಇದೇ ವೇಗವನ್ನು ಪಡೆಯಬೇಕಾದರೆ ಎಷ್ಟು ಎತ್ತರದಿಂದ ಬೀಳಬೇಕು? ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿದರೆ ಹತ್ತಿರ ಹತ್ತಿರ 10 ಮೀಟರ್ ಬರುತ್ತದೆ. ಎಂದರೆ ಮೂರು ಅಂತಸ್ತಿನ ಮನೆಯ ಮಾಳಿಗೆಯ ಎತ್ತರ.

ಈ ವೇಗದಲ್ಲಿ ಹೋಗುತ್ತಿರುವ ಗಾಡಿ ಒಂದು ಗೋಡೆಗೆ ನೇರವಾಗಿ ಬಡಿಯಿತೆನ್ನಿ. ಅದರ ಮೂತಿ ಸುಮಾರು 60 ಸೆಂಟಿಮೀಟರಿನಷ್ಟು ಕುಗ್ಗಿ ನಜ್ಜುಗುಜ್ಜಾಗಿ, ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಮೆ ಕಾಲದಲ್ಲಿ ಗಾಡಿ ನಿಂತುಬಿಡುತ್ತದೆ. ಈ ಅವಧಿಯಲ್ಲಿ ಅದರ ಸರಾಸರಿ ವೇಗಕ್ಷಯ ಗುರುತ್ವ ವೇಗೋತ್ಕರ್ಷದ 16 ಮಡಿಯಷ್ಟಿರುತ್ತದೆ. ಗರಿಷ್ಠ ಪ್ರಮಾಣ ಇನ್ನೂ ಹೆಚ್ಚು. ಸರಾಸರಿಯೇ ನಮಗೆ ಸಾಕು. 10 ಕಿಲೋಗ್ರಾಂ ತೂಕದ ಕೂಸನ್ನು ಆ ಹೊತ್ತಿನಲ್ಲಿ ಹಿಡಿದಿಟ್ಟುಕೊಳ್ಳಲು ಬೇಕಾದ ಬಲ, 160 ಕಿಲೋಗ್ರಾಮಿನ ಭಾರವನ್ನು ಎತ್ತಿಹಿಡಿಯಲು ಬೇಕಾದಷ್ಟು. ಮೂರು ಅಕ್ಕಿಮೂಟೆಗಳಿಗಿಂತ ಹೆಚ್ಚಿನ ಈ ಭಾರ ಮುನ್ಸೂಚನೆಯಿಲ್ಲದೆ ತೋಳಿನ ಮೇಲೆ ಬಿದ್ದಾಗ ತಾಯಿಯ ವಾತ್ಸಲ್ಯಕ್ಕೆ ಕೊರತೆಯಿರದಿದ್ದರೂ ಸ್ನಾಯುಗಳಿಗೆ ಕೊರತೆಯುಂಟು. ಕೈಯಿಂದ ಜಾರಿದ ಕೂಸು ಅದೇ 13.9 ಮೀಟರ್ ವೇಗದಿಂದ ಮುಂದಕ್ಕೆ ಹೋಗಿ ಗಡುಸಾದ ಯಾವುದಾದರೂ ಭಾಗಕ್ಕೆ ಬಡಿದು, 5 ಸೆಂಟಿಮೀಟರ್ ಅಂತರದಲ್ಲಿ ನಿಂತರೆ ಅದರ ವೇಗಕ್ಷಯ ಗುರುತ್ವದ 200 ಮಡಿಯ ಸಮೀಪಕ್ಕೆ ಹೋಗುತ್ತದೆ. ತಾಯಿ ಮತ್ತು ಕೂಸಿಗೆ ಸೇರಿಸಿ ಒಂದೇ ಬೆಲ್ಟು ಬಿಗಿದರೂ ಪ್ರಯೋಜನವಿಲ್ಲ, ಅಪಾಯವೇ ಹೆಚ್ಚು. ಆಗ ತಾಯಿಯ ಮೈಭಾರವೆಲ್ಲ ಕೂಸನ್ನು ಬೆಲ್ಟಿಗೆ ಒತ್ತುತ್ತದೆ.

ಈ ಎರಡು ಸಂಖ್ಯೆಗಳನ್ನು, 16 ಮತ್ತು 200, ವಾಚಕರು ನೆನಪಿನಲ್ಲಿಡಬೇಕು. ಎರಡಕ್ಕೂ ಇರುವ ಅಂತರ ಕೇವಲ ನಿಲ್ಲುವ ದೂರದ್ದು. ಗಾಡಿಯ ಮೂತಿ ಬೇಕೆಂದೇ ಕುಗ್ಗಬೇಕು, ಜನ ಕೂರುವ ಕೋಣೆ ಮಾತ್ರ ಗಟ್ಟಿಯಾಗಿರಬೇಕು ಎಂಬ ತತ್ತ್ವವನ್ನು ಮರ್ಸಿಡಿಸ್ ಕಂಪೆನಿಯ ಇಂಜಿನಿಯರ್ ಬೇಲ ಬಾರೆನ್ಯಿ 1950ರ ದಶಕದ ಆರಂಭದಲ್ಲಿ ರೂಪಿಸಿದನು. 1959ರ ಗಾಡಿಯಲ್ಲಿ ಅದು ಬಳಕೆಗೆ ಬಂದಿತು. ಅದೇ ವರ್ಷ ವೋಲ್ವೊ ಕಂಪೆನಿಯ ನಿಲ್ಸ್ ಬೋಲಿನ್ ಮೂರು ಬಿಂದುಗಳಲ್ಲಿ ಬಂಧಿಸುವ ಬೆಲ್ಟನ್ನು ತಂದನು. ಒಂದು ಇಲ್ಲದೆ ಇನ್ನೊಂದು ನಿರರ್ಥಕ. ಮೂತಿ ಕುಗ್ಗಿ ಸಂಪಾದಿಸಿಕೊಟ್ಟ 60 ಸೆಂಟಿಮೀಟರಿನಲ್ಲಿ ಪಾಲು ಪಡೆಯಬೇಕಾದರೆ ಪ್ರಯಾಣಿಕನು ಗಾಡಿಗೆ ಕಟ್ಟಲ್ಪಟ್ಟಿರಬೇಕು.

ದೊಡ್ಡವರ ಬೆಲ್ಟು ಚಿಕ್ಕ ಮಕ್ಕಳಿಗೆ ಏಕೆ ಆಗದು? ಅದರ ಕೆಳಭಾಗ ದೊಡ್ಡವರಲ್ಲಿ ಸೊಂಟದ ಗಟ್ಟಿ ಎಲುಬಿನ ಮೇಲೆ ಕೂರುತ್ತದೆ; ಮಗುವಿನಲ್ಲಿ ಮೇಲಕ್ಕೆ ಸರಿದು ಮೃದುವಾದ ಹೊಟ್ಟೆಯನ್ನೂ, ಮೇಲ್ಭಾಗ ಕುತ್ತಿಗೆಯನ್ನೂ ಒತ್ತುತ್ತದೆ. ಸುಮಾರು 145 ಸೆಂಟಿಮೀಟರ್ ಎತ್ತರ ಬೆಳೆಯುವವರೆಗೂ ಮಗುವನ್ನು ಎತ್ತರಿಸಿ ಕೂರಿಸುವ ಪೀಠ ಬೇಕಾಗುವುದು ಇದರಿಂದಲೇ. ಕೂಸಿನ ವಿಷಯವಂತೂ ಬೇರೆಯೇ. ಹುಟ್ಟಿದ ಶಿಶುವಿನ ತಲೆ ಅದರ ಉದ್ದದ ಕಾಲು ಭಾಗದಷ್ಟಿರುತ್ತದೆ. ಆ ತಲೆಯನ್ನು ಹೊತ್ತ ಕುತ್ತಿಗೆಯ ಮೂಳೆಗಳು ಇನ್ನೂ ಪೂರ್ಣವಾಗಿ ಗಟ್ಟಿಯಾಗಿರುವುದಿಲ್ಲ. ಮುಂದಕ್ಕೆ ಮುಖ ಮಾಡಿ ಕೂತ ಕೂಸಿನ ಎದೆಯನ್ನು ಪಟ್ಟಿಗಳು ಹಿಡಿದು ನಿಲ್ಲಿಸಿದರೂ ತಲೆಯನ್ನು ನಿಲ್ಲಿಸುವುದು ಆ ಎಳೆಯ ಕುತ್ತಿಗೆ ಒಂದೇ.

ಇಲ್ಲಿ ಒಂದು ಸ್ವಾರಸ್ಯವಾದ ಪ್ರಯೋಗವನ್ನು ಹೇಳದೆ ಮುಂದುವರಿಯಲು ನಮಗೆ ಮನಸ್ಸಿಲ್ಲ. 1954ರ ಡಿಸೆಂಬರ್ 10ರಂದು ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಸ್ಟಾಪ್ ನ್ಯೂ ಮೆಕ್ಸಿಕೊದ ಮರುಭೂಮಿಯಲ್ಲಿ ರಾಕೆಟ್ಟುಗಳು ನೂಕುವ ಗಾಡಿಯೊಂದರಲ್ಲಿ ತನ್ನನ್ನು ಬಿಗಿಸಿಕೊಂಡು ಗಂಟೆಗೆ 1,000 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಓಡಿ, ಒಂದೂವರೆ ಸೆಕೆಂಡಿನೊಳಗೆ ನಿಂತನು. ಗುರುತ್ವದ 46 ಮಡಿ ವೇಗಕ್ಷಯವನ್ನು ಸಹಿಸಿ ಅವನು ಬದುಕಿದನು. ಆದರೆ ಮುಖ ಮುಂದಕ್ಕಿದ್ದುದರಿಂದ ಕಣ್ಣುಗಳಲ್ಲಿ ರಕ್ತಸ್ರಾವವಾಗಿ ಸ್ವಲ್ಪ ಕಾಲ ದೃಷ್ಟಿಯೇ ಇಲ್ಲವಾಗಿತ್ತು. ವಿಮಾನದ ಪ್ರಯಾಣಿಕರು ಹಿಂದಕ್ಕೆ ಮುಖ ಮಾಡಿ ಕೂರುವುದು ಕ್ಷೇಮವೆಂದು ಅವನು ವಾದಿಸುತ್ತಿದ್ದನು. ದೊಡ್ಡವರು ಅದನ್ನು ಒಪ್ಪಲಿಲ್ಲ. ಮಕ್ಕಳ ಮಟ್ಟಿಗೆ ಅದನ್ನು ಸಾಧಿಸಿದವನು ಸ್ವೀಡನ್ನಿನ ವೈದ್ಯ ಬರ್ಟಿಲ್ ಆಲ್ಡ್‌ಮನ್. ಹಾರುವಾಗ ಬೆನ್ನ ಮೇಲೆ ಒರಗಿರುವ ಗಗನಯಾತ್ರಿಗಳನ್ನು ಕಂಡು ಪ್ರೇರಿತನಾದ ಅವನು ಸಿದ್ಧಪಡಿಸಿದ, ಹಿಂದಕ್ಕೆ ಮುಖವಿರುವ ಮಕ್ಕಳ ಆಸನವನ್ನು 1964ರಲ್ಲಿ ಪರೀಕ್ಷಿಸಲಾಯಿತು. ಎದುರು ಬಡಿತದಲ್ಲಿ ಇಂಥ ಆಸನದ ಬೆನ್ನೇ ಕೂಸಿನ ತಲೆ, ಕುತ್ತಿಗೆ, ಬೆನ್ನುಗಳನ್ನು ಒಟ್ಟಾಗಿ ಅಂಗೈಯಂತೆ ಹಿಡಿಯುತ್ತದೆ. ಐರೋಪ್ಯ ದೇಶಗಳಲ್ಲಿ 2013ರಿಂದ ಬಂದ ಹೊಸ ಮಾನಕದ ಆಸನಗಳಲ್ಲಿ 15 ತಿಂಗಳವರೆಗೆ ಈ ಕ್ರಮ ಕಡ್ಡಾಯ. ಆಸನದ ಮಿತಿಯೊಳಗೆ ಎಷ್ಟು ಕಾಲ ಸಾಧ್ಯವೋ ಅಷ್ಟು ಕಾಲ ಹೀಗೆಯೇ ಕೂರಿಸಿರೆಂಬುದು ಅಮೆರಿಕದ ಮಕ್ಕಳ ವೈದ್ಯರ ಸಂಘ 2018ರಲ್ಲಿ ಕೊಟ್ಟ ಸಲಹೆ. ಒಂದು ಎಚ್ಚರಿಕೆ ಮಾತ್ರ ಉಂಟು. ಏರ್‌ಬ್ಯಾಗು ಕೆಲಸಮಾಡುವ ಸ್ಥಿತಿಯಲ್ಲಿರುವ ಮುಂದಿನ ಸೀಟಿನಲ್ಲಿ ಇಂಥ ಆಸನವನ್ನು ಎಂದಿಗೂ ಇಡಕೂಡದು. ಸಿಡಿದು ಉಬ್ಬುವ ಆ ಚೀಲ ಕೂಸಿನ ತಲೆಯ ಹಿಂದೆಯೇ ಆಸನಕ್ಕೆ ಬಡಿಯುತ್ತದೆ.

ಇನ್ನು ಗಾಡಿಯ ಒಳಕ್ಕೆ ಬರೋಣ. ಮಕ್ಕಳ ಆಸನವನ್ನು ಗಾಡಿಗೆ ಬಿಗಿಯಲು ಎರಡು ಮಾರ್ಗಗಳಿವೆ. ಒಂದು, ಗಾಡಿಯ ಬೆಲ್ಟನ್ನೇ ಆಸನದಲ್ಲಿ ಪೋಣಿಸುವುದು. ಇನ್ನೊಂದು ಐಸೋಫಿಕ್ಸ್ ಎಂಬ ಏರ್ಪಾಟು: ಸೀಟಿನ ಬೆನ್ನು ಮತ್ತು ಕೂರುವ ಮೆತ್ತೆ ಸೇರುವ ಸಂದಿಯಲ್ಲಿ, 28 ಸೆಂಟಿಮೀಟರ್ ಅಂತರದಲ್ಲಿ, ಗಾಡಿಯ ಚೌಕಟ್ಟಿಗೆ ಸೇರಿದ ಎರಡು ಉಕ್ಕಿನ ಕಂಬಿಗಳಿರುತ್ತವೆ, ಮಕ್ಕಳ ಆಸನದ ಕೊಂಡಿಗಳು ಅವಕ್ಕೆ ಟಕ್ಕೆಂದು ಸಿಕ್ಕಿಕೊಳ್ಳುತ್ತವೆ. ಮುಂದಕ್ಕೆ ಮುಖವಿರುವ ಆಸನಕ್ಕೆ ಇದರ ಜೊತೆಗೆ ತಲೆಯ ಕಡೆಯಿಂದ ಹಿಂದಕ್ಕೆ ಬಿಗಿಯುವ ಪಟ್ಟಿಯೊಂದಿದ್ದರೆ ಆಸನ ಮುಂದಕ್ಕೆ ಮಗುಚುವುದು ತಪ್ಪಿ, ಮಗುವಿನ ತಲೆ ಮುಂದಿನ ಸೀಟಿಗೆ ಬಡಿಯುವ ಸಂಭವ ಕಡಮೆಯಾಗುತ್ತದೆ. ಸರಿಯಾಗಿ ಬಿಗಿದ ಬೆಲ್ಟು ಐಸೋಫಿಕ್ಸಿಗೆ ಕಡಮೆಯಾದುದಲ್ಲ. ಆದರೆ ಅವಸರದಲ್ಲಿ ಬೆಲ್ಟನ್ನು ತಪ್ಪಾಗಿ ಪೋಣಿಸುವುದು ಬಹಳ ಸುಲಭ.

ಮೂರು ಸಾಲಿನ ಗಾಡಿಯ ತೊಡಕು ಇಲ್ಲಿಯೇ ಪ್ರಾರಂಭವಾಗುತ್ತದೆ. ಈ ಕಂಬಿಗಳು ಸಾಮಾನ್ಯವಾಗಿ ಇರುವುದು ಎರಡನೆಯ ಸಾಲಿನ ಎರಡು ಅಂಚಿನ ಸೀಟುಗಳಲ್ಲಿ. ಏಳು ಸೀಟುಗಳಿದ್ದರೂ ಕಂಬಿಯುಳ್ಳ ಸ್ಥಳಗಳು ಹೆಚ್ಚಾಗಿ ಎರಡೇ. ಮೂರನೆಯ ಸಾಲಿನಲ್ಲಿ ಕಂಬಿಯೂ ಇಲ್ಲ, ತಲೆಪಟ್ಟಿಯ ಕೊಂಡಿಯೂ ಇಲ್ಲ. ಕೆಲವು ಗಾಡಿಗಳಲ್ಲಿ ಪಕ್ಕದ ಕಿಟಕಿಗೆ ಇಳಿಯುವ ಪರದೆಯಂಥ ಏರ್‌ಬ್ಯಾಗೂ ಅಲ್ಲಿಯವರೆಗೆ ಚಾಚುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮುಂದಿನ ಮೂತಿಯಲ್ಲಿ ಸಿಕ್ಕುವ 60 ಸೆಂಟಿಮೀಟರಿನ ಔದಾರ್ಯ ಹಿಂಭಾಗದಲ್ಲಿಲ್ಲ. ತೆರಿಗೆಯ ಅನುಕೂಲಕ್ಕಾಗಿ ನಾಲ್ಕು ಮೀಟರಿನೊಳಗೆ ಮುಗಿಸಿದ ಗಾಡಿಯಲ್ಲಿಯೂ ಮೂರು ಸಾಲುಗಳನ್ನು ತುರುಕಿದಾಗ, ಕೊನೆಯ ಸಾಲಿನವರ ತಲೆಗೂ ಹಿಂಬಾಗಿಲಿನ ಗಾಜಿಗೂ ಬಹಳ ಕಡಮೆ ಅಂತರ ಉಳಿಯುತ್ತದೆ. ಹಿಂದಿನಿಂದ ಲಾರಿಯೊಂದು ಬಡಿದರೆ ಕುಗ್ಗಬೇಕಾದ ಸ್ಥಳದಲ್ಲಿಯೇ ಅವರು ಕೂತಿರುತ್ತಾರೆ. ಆದುದರಿಂದ ಚಿಕ್ಕ ಮಕ್ಕಳಿಗೆ ಎರಡನೆಯ ಸಾಲೇ ತಕ್ಕ ಸ್ಥಳವೆಂಬುದು ನಮ್ಮ ಅಭಿಪ್ರಾಯ.

ಹಾಗಾದರೆ ನಮ್ಮ ಧರ್ಮಸ್ಥಳದ ಯಾತ್ರಿಕರನ್ನು ಹೇಗೆ ಕೂರಿಸೋಣ? ಎರಡನೆಯ ಸಾಲು ಮೂವರು ಕೂರುವ ಒಂದೇ ಬೆಂಚಾಗಿದ್ದರೆ, ಮೂರನೆಯ ಸಾಲಿಗೆ ಹೋಗಲು ಅದರ ಒಂದು ಭಾಗವನ್ನು ಮಡಿಸಬೇಕು. ಅಲ್ಲಿ ಮಕ್ಕಳ ಆಸನ ಬಿಗಿದಿದ್ದರೆ ಹೆಚ್ಚಿನ ಗಾಡಿಗಳಲ್ಲಿ ಮಡಿಸುವಂತಿಲ್ಲ. ಪ್ರತಿಸಲವೂ ಅದನ್ನು ಬಿಚ್ಚಿ ಕಟ್ಟಬೇಕಾದೀತು. ಮೂರನೆಯ ಸಲಕ್ಕೆ ಬೇಸರವಾಗಿ ಯಾರೋ ಸಡಿಲವಾಗಿ ಕಟ್ಟುತ್ತಾರೆ. ಎರಡನೆಯ ಸಾಲಿನಲ್ಲಿ ಎರಡು ಬಿಡಿ ಸೀಟುಗಳೂ ಅವುಗಳ ನಡುವೆ ಓಡಾಡುವ ಹಾದಿಯೂ ಇರುವ ಆರು ಸೀಟಿನ ಗಾಡಿಯಾದರೆ, ಮಕ್ಕಳಿಬ್ಬರೂ ಅಲ್ಲಿ, ತಾಯಿಯೂ ಅಜ್ಜನೂ ನಡುಹಾದಿಯಿಂದ ಹಿಂದಕ್ಕೆ, ಮಂಡಿನೋವಿನ ಅಜ್ಜಿ ಮುಂದಿನ ಸೀಟಿನಲ್ಲಿ. ಹೀಗೆ ಒಂದು ಸೀಟು ಕಡಮೆಯಿರುವ ಗಾಡಿಯೇ ಈ ಸಂಸಾರಕ್ಕೆ ಹೆಚ್ಚು ಒದಗುತ್ತದೆ. ಏಳು ಸೀಟಿಗಾಗಿ ಹಟಹಿಡಿಯುವವರು ಇದನ್ನು ಯೋಚಿಸಬೇಕು.

ಹಿಂದಿನ ಸಾಲಿನ ದೊಡ್ಡವರು ಬೆಲ್ಟು ಕಟ್ಟಿಕೊಳ್ಳುವುದು ಅವರಿಗಾಗಿ ಮಾತ್ರವಲ್ಲ. 60 ಕಿಲೋಗ್ರಾಂ ತೂಕದ ಅಜ್ಜ ಕಟ್ಟಿಲ್ಲದೆ ಕೂತಿದ್ದರೆ, ಆ ಬಡಿತದಲ್ಲಿ ಅವನು ಮೊಮ್ಮಗನ ಆಸನದ ಬೆನ್ನಿಗೆ ಅಪ್ಪಳಿಸುತ್ತಾನೆ. ಹಿಂದೆ ಒಟ್ಟಿದ ತೆಂಗಿನಕಾಯಿ ಚೀಲಕ್ಕೂ ಇದೇ ನಿಯಮ. ಅದನ್ನು ತೆಗೆದು ಮಾಳಿಗೆಯ ಮೇಲೆ ಕಟ್ಟಿದರೆ ಗಾಡಿಯ ಗುರುತ್ವಕೇಂದ್ರ ಮೇಲಕ್ಕೇರಿ, ಘಾಟಿಯ ತಿರುವಿನಲ್ಲಿ ಮಗುಚುವ ಸಂಭವ ಹೆಚ್ಚುತ್ತದೆ. ಹಳೆಯ ಗಾಡಿಗಳ ಹಿಂಭಾಗದಲ್ಲಿ ಎದುರುಬದುರಾಗಿರುವ ಅಡ್ಡ ಬೆಂಚುಗಳನ್ನಂತೂ ಮಕ್ಕಳ ಮಟ್ಟಿಗೆ ಸೀಟುಗಳೆಂದೇ ಎಣಿಸಬಾರದು. ಅಡ್ಡಲಾಗಿ ಕೂರಿಸಲೆಂದು ಮಕ್ಕಳ ಆಸನವನ್ನು ಯಾರೂ ತಯಾರಿಸುವುದಿಲ್ಲ.

ನಕ್ಷತ್ರಗಳ ಮಾತು ಉಳಿಯಿತು. ಭಾರತ್ ಎನ್‌ಕ್ಯಾಪ್ ಎಂಬ ನಮ್ಮ ದೇಶದ ಪರೀಕ್ಷಾಕ್ರಮ 2023ರ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು. ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗಾಡಿಯ ಮೂತಿಯ ಒಂದು ಪಕ್ಕವನ್ನು ಕುಗ್ಗುವ ತಡೆಯೊಂದಕ್ಕೆ ಬಡಿಸುತ್ತಾರೆ. ಪಕ್ಕದ ಬಡಿತದ ಪರೀಕ್ಷೆಯೂ ಉಂಟು. ಒಂದೂವರೆ ವರ್ಷದ ಮತ್ತು ಮೂರು ವರ್ಷದ ಮಕ್ಕಳ ಅಳತೆಯ ಬೊಂಬೆಗಳನ್ನು ಮಕ್ಕಳ ಆಸನಗಳಲ್ಲಿ ಕೂರಿಸಿರುತ್ತಾರೆ. ಮಕ್ಕಳ ವಿಭಾಗಕ್ಕೆ ಒಟ್ಟು 49 ಅಂಕಗಳು. ಇವುಗಳಲ್ಲಿ ಬಡಿತದ ಪರೀಕ್ಷೆಗೆ 24 ಮಾತ್ರ. ಬೇರೆ ಬೇರೆ ಮಕ್ಕಳ ಆಸನಗಳು ಗಾಡಿಯಲ್ಲಿ ಸರಿಯಾಗಿ ಕೂರುತ್ತವೆಯೆ ಎಂಬುದಕ್ಕೆ 12, ಗಾಡಿಯಲ್ಲಿರುವ ಏರ್ಪಾಟುಗಳಿಗೆ 13. ಅರ್ಧಕ್ಕೂ ಮಿಗಿಲಾದ ಅಂಕ ಬಡಿತಕ್ಕಲ್ಲ, ಹೊಂದಿಕೆಗೆ! ಆ ವರ್ಷದ ಡಿಸೆಂಬರಿನಲ್ಲಿ ಪ್ರಕಟವಾದ ಮೊದಲ ಫಲಿತಾಂಶಗಳಲ್ಲಿ ಮೂರು ಸಾಲಿನ ಟಾಟಾ ಸಫಾರಿಗೆ ವಯಸ್ಕರ ವಿಭಾಗದಲ್ಲಿಯೂ ಮಕ್ಕಳ ವಿಭಾಗದಲ್ಲಿಯೂ ಐದೈದು ನಕ್ಷತ್ರಗಳು ದೊರೆತವು. ಎರಡೂ ಯಾವಾಗಲೂ ಜೊತೆಯಲ್ಲಿ ಬರುವುದೆಂದು ತಿಳಿಯಬಾರದು. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2018ರಲ್ಲಿ ಪರೀಕ್ಷಿಸಿದ ಮಹೀಂದ್ರ ಮರಾಜೊಗೆ ವಯಸ್ಕರ ರಕ್ಷಣೆಗೆ ನಾಲ್ಕು ನಕ್ಷತ್ರಗಳು, ಮಕ್ಕಳ ರಕ್ಷಣೆಗೆ ಎರಡು. ಜಾಹೀರಾತಿನಲ್ಲಿ ಯಾವ ಸಂಖ್ಯೆ ದೊಡ್ಡದಾಗಿ ಅಚ್ಚಾಗುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ.

2023ರ ಕ್ರಮದಲ್ಲಿ ಹಿಂದಿನಿಂದ ಬಡಿಯುವ ಪರೀಕ್ಷೆ ಇಲ್ಲ. ಮಕ್ಕಳ ಬೊಂಬೆಗಳು ಕೂರುವುದೂ ಎರಡನೆಯ ಸಾಲಿನಲ್ಲಿ. ಎಂದರೆ ಐದು ನಕ್ಷತ್ರಗಳು ಮೂರನೆಯ ಸಾಲಿನ ವಿಷಯವಾಗಿ ಬಹಳ ಕಡಮೆ ಹೇಳುತ್ತವೆ. ಎರಡನೆಯ ಸಾಲಿನ ವಿಷಯದಲ್ಲಿಯೂ ಮುಂದುವರಿದ ದೇಶಗಳು ಬೀಗುವಂತಿಲ್ಲ. ಅಮೆರಿಕದ ವಿಮಾ ಕಂಪೆನಿಗಳ ಸಂಶೋಧನ ಸಂಸ್ಥೆ ಹನ್ನೆರಡು ವರ್ಷದ ಮಗುವಿನ ಗಾತ್ರದ ಬೊಂಬೆಯನ್ನು ಎರಡನೆಯ ಸಾಲಿನಲ್ಲಿ ಕೂರಿಸಿ 2023ರಲ್ಲಿ ಪರೀಕ್ಷಿಸಿದ ನಾಲ್ಕು ಮೂರು-ಸಾಲಿನ ಮಿನಿವ್ಯಾನುಗಳಲ್ಲಿ ಒಂದಕ್ಕೂ ಮೇಲಿನ ದರ್ಜೆ ಸಿಗಲಿಲ್ಲ. ಬಡಿತದ ಕ್ಷಣದಲ್ಲಿ ಬೆಲ್ಟನ್ನು ಬಿಗಿಯಾಗಿ ಸೆಳೆದು, ಆಮೇಲೆ ಎದೆ ಮುರಿಯದಂತೆ ತುಸು ಸಡಿಲಿಸುವ ಉಪಕರಣಗಳು ಬಹಳ ಕಾಲ ಮುಂದಿನ ಸೀಟುಗಳಿಗೇ ಮೀಸಲಾಗಿದ್ದವು. ಹಿಂದಿನ ಸಾಲುಗಳ ಬೆಲ್ಟಿನಲ್ಲಿಯೂ ಅವು ಇವೆಯೆ ಎಂದು ಕೊಳ್ಳುವವರು ಕೇಳಬೇಕು.

ನಮ್ಮಲ್ಲಿ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಾಗಲಿ ಮಕ್ಕಳ ಆಸನದಿಂದಾಗಲಿ ಭದ್ರಪಡಿಸದೆ ಗಾಡಿ ಓಡಿಸಿದರೆ 1,000 ರೂಪಾಯಿ ದಂಡವುಂಟು. ಗಾಡಿಯ ಜೊತೆಗೆ ಮಕ್ಕಳ ಆಸನ ಬರುವುದಿಲ್ಲ. ಅದನ್ನು ಬೇರೆಯಾಗಿ ಕೊಳ್ಳಬೇಕು. ಗಾಡಿಗಿಂತ ಮೊದಲೇ ಅದನ್ನು ಕೊಂಡು, ಅಂಗಡಿಗೆ ಒಯ್ದು, ಎರಡನೆಯ ಸಾಲಿನಲ್ಲಿ ಬಿಗಿದು ನೋಡುವುದು ಒಳ್ಳೆಯದು. ಬೆಲ್ಟು ಪೋಣಿಸಿದ ಜಾಗದಲ್ಲಿ ಹಿಡಿದು ಅಲುಗಿಸಿದರೆ ಅದು ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಸರಿಯಬಾರದು. ಹಿಂದಕ್ಕೆ ಮುಖವಿರುವ ಆಸನ ಉದ್ದಕ್ಕೆ ಬಹಳ ಜಾಗ ಹಿಡಿಯುವುದರಿಂದ ಮುಂದಿನ ಸೀಟನ್ನು ಎಷ್ಟು ಸರಿಸಬೇಕಾಗುತ್ತದೆ, ಅಷ್ಟು ಸರಿಸಿದ ಮೇಲೆ ಚಾಲಕನ ಕಾಲಿಗೆ ಸ್ಥಳವಿದೆಯೆ, ಎರಡನೆಯ ಸಾಲನ್ನು ಮುಂದೆ ತಳ್ಳಿದರಷ್ಟೇ ಮೂರನೆಯ ಸಾಲಿನವರಿಗೆ ಮೊಣಕಾಲಿಡಲು ಜಾಗ ಬರುವುದೆ—ಇವೆಲ್ಲ ಆಗಲೇ ಕಾಣುತ್ತವೆ. ಮಾರುವವನು ಆತುರಪಡಿಸಿದರೂ, ಅಜ್ಜನನ್ನು ಒಮ್ಮೆ ನಡುಹಾದಿಯಿಂದ ಹಿಂದಿನ ಸಾಲಿಗೆ ಹತ್ತಿಸಿ ಇಳಿಸಿ ನೋಡಬೇಕು.