ಚಿತ್ರಕ್ಕೊಂದು ಚಾಕಲೇಟ್ ಕೊಡಬಹುದೇ?

ಪ್ರಶ್ನೆ: ನಮ್ಮ ಐದು ವರ್ಷದ ಮಗಳು ಯಾರೂ ಹೇಳದೆಯೇ ಚಿತ್ರ ಬಿಡಿಸುತ್ತಾಳೆ. ಚಿತ್ರಕ್ಕೊಂದು ಚಾಕಲೇಟ್ ಕೊಟ್ಟರೆ ಇನ್ನಷ್ಟು ಹುರುಪು ಬರುತ್ತದಲ್ಲವೇ?

ಉತ್ತರ: ಚಾಕಲೇಟ್ ಸಿಗುವ ತನಕ ಬರಬಹುದು. ಆಮೇಲೆ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಇದನ್ನೇ ಪರೀಕ್ಷಿಸಿ, 1973ರಲ್ಲಿ ಪ್ರಕಟಿಸಿದರು. ಅವರು ಆರಿಸಿದ್ದು ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬಿಡಿಸುವುದೆಂದರೆ ಮೊದಲೇ ಇಷ್ಟವಿದ್ದ ಮಕ್ಕಳನ್ನು. ಒಂದು ಗುಂಪಿಗೆ 'ಬಿಡಿಸಿದರೆ ಪ್ರಶಸ್ತಿಪತ್ರ' ಎಂದು ಮುಂಚೆಯೇ ಹೇಳಿದರು. ಇನ್ನೊಂದಕ್ಕೆ ಸುಳಿವು ಕೊಡದೆ ಕೊನೆಯಲ್ಲಿ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರದ ನಂತರ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು, ಯಾವ ಬಹುಮಾನದ ಮಾತೂ ಎತ್ತದೆ ಮರೆಯಿಂದ ನೋಡಿದರು. ಮೊದಲ ಗುಂಪಿನವರು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರ ಅರ್ಧದಷ್ಟು! ಅಚಾನಕ್ಕಾಗಿ ಪ್ರಶಸ್ತಿ ಪಡೆದವರ ಆಸಕ್ತಿ ಮಾತ್ರ ಕುಗ್ಗಿರಲಿಲ್ಲ.

ಅಂದರೆ ತೊಂದರೆ ಪ್ರಶಸ್ತಿಯದಲ್ಲ, ಷರತ್ತಿನದು. ತನ್ನಿಷ್ಟಕ್ಕೆ ಮಾಡುತ್ತಿದ್ದದ್ದು ಕೂಲಿಗೆ ಮಾಡಿದಂತಾಗುತ್ತದೆ. ಕೂಲಿ ನಿಂತರೆ ಕೆಲಸವೂ ನಿಂತಿತು. ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಕಲಿಕೆಯ ಹುಮ್ಮಸ್ಸಿಗೆ ಸ್ವಾಯತ್ತತೆ ಬೇಕೇ ಬೇಕು ಎನ್ನುವುದೂ ಇದಕ್ಕೇ.

ಮಗ್ಗಿ ಬಾಯಿಪಾಠದ ಮಾತು ಬೇರೆ. ಇಲ್ಲದ ಆಸಕ್ತಿ ಬಹುಮಾನದಿಂದ ಹೇಗೆ ಹಾಳಾದೀತು? ಶುರು ಮಾಡಿಸಲು ಸಣ್ಣ ಆಮಿಷ ಪರವಾಗಿಲ್ಲ. ಚಿತ್ರದ ವಿಷಯದಲ್ಲಿ ಕಾಗದ, ಬಣ್ಣ ಕೈಗೆಟುಕುವಂತಿಟ್ಟು, ಆನೆಗೇಕೆ ನೇರಳೆ ಬಣ್ಣ ಎಂದು ಕೇಳಿ. ಚಾಕಲೇಟನ್ನು ಬೇರೆ ಯಾವಾಗಲಾದರೂ ಕೊಡಿ.