ಸಂಪಾಜೆಯ ಈಚೆ, ಸಂಪಾಜೆಯ ಆಚೆ: ತೋಟದ ಕೋವಿಯ ಕಾನೂನು

2024ರ ಮಾರ್ಚ್ 16ರಂದು ಲೋಕಸಭಾ ಚುನಾವಣೆಯ ವೇಳಾಪಟ್ಟಿ ಪ್ರಕಟವಾಯಿತು. ದಕ್ಷಿಣ ಕನ್ನಡದಲ್ಲಿ ಮತದಾನ ಏಪ್ರಿಲ್ 26ಕ್ಕೆ, ಎಣಿಕೆ ಜೂನ್ 4ಕ್ಕೆ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಕೃಷಿಕರು ಈ ದಿನಾಂಕಗಳನ್ನು ಓದುವ ಕ್ರಮವೇ ಬೇರೆ. ಯಾರಿಗೆ ಟಿಕೆಟ್ ಸಿಕ್ಕಿತು ಎಂಬುದು ಆಮೇಲಿನ ಮಾತು. ಮೊದಲ ಲೆಕ್ಕ, ಕೋವಿ ಎಷ್ಟು ದಿನ ಪೊಲೀಸ್ ಠಾಣೆಯಲ್ಲಿರಬೇಕು ಎಂಬುದು. ಚುನಾವಣೆ ಘೋಷಣೆಯಾದೊಡನೆ ಠಾಣೆಯಲ್ಲಿ ಠೇವಣಿ ಇಡಬೇಕಾದ ಕೋವಿ ಫಲಿತಾಂಶ ಬಂದು ಒಂದು ವಾರ ಕಳೆದ ಮೇಲೆಯೇ ವಾಪಸ್ ಸಿಗುವುದು. ಅಂದರೆ ಊರಿನ ಮತಗಟ್ಟೆ ಖಾಲಿಯಾಗಿ ಐದು ವಾರ ಕಳೆದರೂ, ಬಿಹಾರದಲ್ಲೋ ಬಂಗಾಳದಲ್ಲೋ ಇನ್ನೂ ಮತದಾನ ಮುಗಿದಿಲ್ಲ ಎಂಬ ಕಾರಣಕ್ಕೆ ಸುಳ್ಯದ ಕೋವಿ ಸುಳ್ಯದ ಠಾಣೆಯಲ್ಲೇ ಒರಗಿರಬೇಕು. ಮಂಗಗಳಿಗೆ ಮಾತ್ರ ಯಾವ ನೀತಿ ಸಂಹಿತೆಯೂ ಅಡ್ಡ ಬರುವುದಿಲ್ಲ.

ಈ ಮೂರು ತಾಲೂಕುಗಳಲ್ಲಿ ಕೋವಿ ಎಂದರೆ ಬಹುಪಾಲು ತೋಟದ ಸಾಮಾನು. ಘಟ್ಟದ ಬುಡದ ಸುಬ್ರಹ್ಮಣ್ಯ, ಶಿರಾಡಿ, ಸಂಪಾಜೆ ಕಡೆ ಅಡಿಕೆ ತೋಟ ಎಲ್ಲಿ ಮುಗಿಯಿತು, ಕಾಡು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಮಂಗಗಳ ಹಿಂಡು ಬೆಳಗ್ಗೆ ಇಳಿದರೆ ಎಳೆ ಅಡಿಕೆಯನ್ನು ಕಚ್ಚಿ ರಸ ಹೀರಿ ಬಿಸಾಡುತ್ತದೆ, ಬೊಂಡವನ್ನು ತೂತು ಮಾಡಿ ಕುಡಿಯುತ್ತದೆ, ಕೊಕ್ಕೊ ಹಣ್ಣಿನ ಬೀಜ ಚೀಪುತ್ತದೆ. ತಿಂದದ್ದಕ್ಕಿಂತ ಕೆಡಿಸಿದ್ದೇ ಹೆಚ್ಚು. ರಾತ್ರಿ ಹಂದಿಗಳ ಪಾಳಿ: ಬಾಳೆ, ಮರಗೆಣಸು, ಸುವರ್ಣಗಡ್ಡೆ ಯಾವುದನ್ನೂ ಬಿಡುವುದಿಲ್ಲ. ಹಲಸು ಹಣ್ಣಾಗುವ ಹೊತ್ತಿಗೆ ಆನೆಯೂ ಬರುತ್ತದೆ. 2023ರ ಫೆಬ್ರವರಿಯಲ್ಲಿ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಕಾಡಾನೆ ಒಂದೇ ಬೆಳಗ್ಗೆ ಇಬ್ಬರ ಪ್ರಾಣ ತೆಗೆದಿತ್ತು; ಅವರಲ್ಲೊಬ್ಬರು ಹಾಲಿನ ಸೊಸೈಟಿಯ ಕೆಲಸಕ್ಕೆ ಹೊರಟಿದ್ದ ಯುವತಿ.

ಇಂಥ ಕಡೆ ಕೋವಿಯ ಮುಖ್ಯ ಕೆಲಸ ಸದ್ದು ಮಾಡುವುದು. ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಈಡು ಹೊಡೆದರೆ ಮಂಗಗಳು ಎರಡು ದಿನ ಆ ತೋಟ ಬಿಟ್ಟು ಪಕ್ಕದವರ ತೋಟಕ್ಕೆ ಹೋಗುತ್ತವೆ. ಗರ್ನಾಲು, ಕವಣೆ, ನಾಯಿ, ಪಿವಿಸಿ ಪೈಪಿನ ಸಿಡಿತ ಎಲ್ಲವೂ ಬಳಕೆಯಲ್ಲಿವೆ. ಆದರೆ ಕೋವಿ ಹಿಡಿದ ಆಳನ್ನು ದೂರದಿಂದಲೇ ಗುರುತಿಸಿ ಮಂಗ ಮರ ಬದಲಾಯಿಸುತ್ತದೆ ಎಂದು ಹೇಳದ ತೋಟದವರು ಈ ಕಡೆ ಇಲ್ಲ.

ಕೇಪಿನ ಕೋವಿಯನ್ನು ಹತ್ತಿರದಿಂದ ನೋಡಿದವರಿಗೆ ಅದರ ನಿಧಾನ ಗೊತ್ತು. ನಳಿಗೆಯ ಬಾಯಿಯಿಂದ ಮದ್ದು ಸುರಿಯಬೇಕು, ತೆಂಗಿನ ನಾರು ತುರುಕಿ ಸಲಾಕೆಯಿಂದ ಇಡಿಯಬೇಕು, ಸೀಸದ ಚರೆ ಹಾಕಬೇಕು, ಮತ್ತೆ ನಾರು, ಕೊನೆಗೆ ಕುದುರೆ ಎತ್ತಿ ಕೇಪು ಕೂರಿಸಬೇಕು. ಮಳೆಗಾಲದಲ್ಲಿ ಮದ್ದಿಗೆ ಥಂಡಿ ಹಿಡಿದರೆ ಅಷ್ಟೂ ಕೆಲಸ ದಂಡ. ಒಂದು ಈಡು ಹೊಡೆದು ಇನ್ನೊಂದಕ್ಕೆ ಸಿದ್ಧವಾಗುವಷ್ಟರಲ್ಲಿ ಹಂದಿ ಗುಡ್ಡ ದಾಟಿರುತ್ತದೆ.

ಈ ಮುದಿ ಕೋವಿಗೆ ದೇಶದ ಕಾನೂನಿನಲ್ಲಿ ಪ್ರತ್ಯೇಕ ಜಾಗ ಇದೆ ಎಂಬುದು ಹಲವರಿಗೆ ತಿಳಿಯದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್, ಪ್ರಾಮಾಣಿಕವಾಗಿ ಬೆಳೆ ರಕ್ಷಣೆಗೆ ಬೇಕೆಂದು ಕೇಳುವವರಿಗೆ ಬಾಯಿಯಿಂದ ಮದ್ದು ತುಂಬುವ ಕೋವಿಯ ಪರವಾನಗಿ ಕೊಡಬೇಕು ಎನ್ನುತ್ತದೆ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ತೋಟಾ ಹಾಕುವ ನುಣುಪು ನಳಿಗೆಯ ಕೋವಿಗೂ ಕೊಡಬಹುದು. ನಮ್ಮ ತೋಟಗಳಲ್ಲಿ ಕಾಣುವ 12 ಬೋರಿನ ಒಂಟಿ ನಳಿಗೆ, ಜೋಡಿ ನಳಿಗೆಗಳು ಈ ಎರಡನೆಯ ಜಾತಿಯವು. ತಿರಸ್ಕರಿಸುವುದಾದರೆ ಕಾರಣವನ್ನು ಬರೆದಿಡಬೇಕು. ಅದರ ಮೇಲೆ ಮೇಲ್ಮನವಿಗೆ ಅವಕಾಶ ಇದೆ.

ಕಾಗದದ ಮೇಲೆ ಇದು ಸರಳ. ಅರ್ಜಿ ಜಿಲ್ಲಾಧಿಕಾರಿಗೆ ಹೋಗುತ್ತದೆ, ಅಲ್ಲಿಂದ ಪೊಲೀಸ್ ವರದಿ, ಕಂದಾಯದವರ ವರದಿ, ಆರ್‌ಟಿಸಿ. 2016ರ ಶಸ್ತ್ರಾಸ್ತ್ರ ನಿಯಮಗಳು ಬಂದ ಮೇಲೆ ಕೋವಿ ಬಳಕೆಯ ಸುರಕ್ಷತಾ ತರಬೇತಿಯೂ ಸೇರಿತು. ವಯಸ್ಸು 21 ಆಗಿರಬೇಕು. 2019ರ ತಿದ್ದುಪಡಿಯಲ್ಲಿ ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೇರಿತು, ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕಿಳಿಯಿತು. ಅಜ್ಜನ ಕಾಲದಿಂದ ಬಂದದ್ದು ಎಂಬ ಸಬೂಬಿಗೂ ಇದರಲ್ಲಿ ರಿಯಾಯಿತಿ ಇಲ್ಲ. ಹಾಗೆಂದು ಅಜ್ಜನ ಕೋವಿ ಮೊಮ್ಮಗನಿಗೆ ಬರುವ ದಾರಿ ಮುಚ್ಚಿಲ್ಲ. ಪರವಾನಗಿದಾರರಿಗೆ 70 ತುಂಬಿದ್ದರೆ ಅಥವಾ ಕೋವಿ 25 ವರ್ಷದಿಂದ ಅವರ ಬಳಿ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸಬಹುದು. ಬಹಳ ಮನೆಗಳಲ್ಲಿ ಈ ಕೆಲಸ ತಡವಾಗುತ್ತದೆ. ಹಿರಿಯರು ತೀರಿಕೊಂಡ ಮೇಲೆ ಕೋವಿ ಅಟ್ಟದಲ್ಲಿ ಉಳಿದರೆ ಅದು ಕಾನೂನಿನ ಕಣ್ಣಿಗೆ ಕಳ್ಳಕೋವಿಯೇ; ಪರವಾನಗಿ ಇಲ್ಲದೆ ಇಟ್ಟುಕೊಂಡದ್ದಕ್ಕೆ ಈಗ ಎರಡರಿಂದ ಐದು ವರ್ಷದ ಜೈಲು.

ಇನ್ನು ಸಂಪಾಜೆಗೆ ಬರೋಣ. ಮಾಣಿ–ಮೈಸೂರು ಹೆದ್ದಾರಿಯಲ್ಲಿ ಒಂದೇ ಹೆಸರಿನ ಎರಡು ಊರು: ಸುಳ್ಯ ತಾಲೂಕಿನ ಸಂಪಾಜೆ, ಮಡಿಕೇರಿ ತಾಲೂಕಿನ ಸಂಪಾಜೆ. ಎರಡೂ ಕಡೆ ಅಡಿಕೆ, ಎರಡೂ ಕಡೆ ಅರೆಭಾಷೆ, ಎರಡೂ ಕಡೆ ಅದೇ ಮಂಗ. ಕೋವಿಯ ಕಾನೂನು ಮಾತ್ರ ಬೇರೆ. ಗಡಿ ದಾಟಿ ಕೊಡಗಿಗೆ ಕಾಲಿಟ್ಟರೆ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯೇ ಬೇಡ, ವಿನಾಯಿತಿ ಪತ್ರ ಸಾಕು. ಜಮ್ಮಾ ಜಮೀನಿರುವ ಕೊಡಗಿನ ಗೌಡರಿಗೂ ಇದು ಸಿಗುತ್ತದೆ. ಈಚೆ ಬದಿಯ ಅವರ ನೆಂಟರು ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ಮಂಗಳೂರಿಗೆ ಕಡತ ಕಳಿಸಬೇಕು.

ಈ ವ್ಯತ್ಯಾಸದ ಬೇರು ಎರಡು ಶತಮಾನದ ಹಿಂದಿನ ಗಡಿ ಬದಲಾವಣೆಯಲ್ಲಿದೆ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಸರ್ಕಾರ ಕೊಡಗನ್ನು ವಶಪಡಿಸಿಕೊಳ್ಳುವವರೆಗೆ ಅಮರ ಸುಳ್ಯ ಮತ್ತು ಪುತ್ತೂರು ಭಾಗಗಳು ಕೊಡಗಿನ ಅರಸರ ಕೈಯಲ್ಲೇ ಇದ್ದವು. ಆಮೇಲೆ ಅವನ್ನು ಕನ್ನಡ ಜಿಲ್ಲೆಗೆ ಸೇರಿಸಲಾಯಿತು. ಮೂರೇ ವರ್ಷದಲ್ಲಿ, 1837ರ ಏಪ್ರಿಲ್‌ನಲ್ಲಿ, ಸುಳ್ಯದ ರೈತರು ಕಲ್ಯಾಣಸ್ವಾಮಿಯ ಹೆಸರಿನಲ್ಲಿ ದಂಗೆಯೆದ್ದು ಮಂಗಳೂರಿನವರೆಗೂ ನಡೆದರು. ದಂಗೆ ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪನಿ ಪದಕಗಳನ್ನು ಹಂಚಿತು. 1857ರ ಬಳಿಕ ದೇಶದಲ್ಲಿ ಜನರಿಂದ ಆಯುಧ ಕಸಿಯುವ ಕಾನೂನು ಬಂದಾಗ, ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ವಿನಾಯಿತಿ ಘೋಷಿಸಿದ. ಆ ಹೊತ್ತಿಗೆ ಸುಳ್ಯ ಗಡಿಯ ಈಚೆಗಾಗಿತ್ತು. ಗಡಿ 1834ರಲ್ಲಿ ಸರಿಯದೆ ಇದ್ದಿದ್ದರೆ ಸುಳ್ಯದ ಕೋವಿಯ ಕಥೆ ಏನಾಗುತ್ತಿತ್ತೋ ಎಂದು ಯೋಚಿಸಿದರೆ ತಪ್ಪಿಲ್ಲ.

ಸ್ವಾತಂತ್ರ್ಯಾನಂತರವೂ ಆ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ ಕೊನೆಯವರೆಗೆ ವಿಸ್ತರಿಸಿತು. ಜಾತಿ ಮತ್ತು ಭೂ ಹಿಡುವಳಿಯ ಆಧಾರದ ಮೇಲೆ ಹೀಗೆ ಕೊಡುವುದು ಸಮಾನತೆಗೆ ವಿರುದ್ಧ ಎಂಬ ವಾದ ಕರ್ನಾಟಕ ಹೈಕೋರ್ಟಿಗೆ ಹೋಗಿ, 2021ರಲ್ಲಿ ನ್ಯಾಯಾಲಯ ವಿನಾಯಿತಿಯನ್ನೇ ಎತ್ತಿಹಿಡಿಯಿತು.

ಶಸ್ತ್ರ ಹೊಂದುವುದನ್ನು ಎಲ್ಲ ನಾಗರಿಕರ ಹಕ್ಕಾಗಿಸುವ ಮಾತು ಬಂದಿರಲಿಲ್ಲವೆಂದಲ್ಲ. 1878ರ ಆರ್ಮ್ಸ್ ಆ್ಯಕ್ಟ್ ಯುರೋಪಿಯನ್ನರನ್ನು ಬಿಟ್ಟು ಭಾರತೀಯರ ಕೈ ಮಾತ್ರ ಕಟ್ಟಿದ್ದರ ಸಿಟ್ಟು ಕಾಂಗ್ರೆಸ್ಸಿಗಿತ್ತು. 1931ರ ಕರಾಚಿ ಅಧಿವೇಶನದ ಮೂಲಭೂತ ಹಕ್ಕುಗಳ ಠರಾವಿನಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕು ಸೇರಿತ್ತು. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಅದನ್ನು ಮತ್ತೆ ಎತ್ತಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಅಂಬೇಡ್ಕರ್ ಒಪ್ಪಲಿಲ್ಲ, ತಿದ್ದುಪಡಿ ಬಿದ್ದುಹೋಯಿತು. ಅಮೆರಿಕದಲ್ಲಿ 1791ರ ಎರಡನೇ ತಿದ್ದುಪಡಿಯಿಂದಾಗಿ ಕೋವಿ ಹಕ್ಕು. ಇಲ್ಲಿ ಅದು ಸರ್ಕಾರ ಕೊಡುವ, ಸರ್ಕಾರ ವಾಪಸ್ ಪಡೆಯಬಹುದಾದ ಅನುಮತಿ.

ಸುಳ್ಯಕ್ಕೆ ಇನ್ನೊಂದು ಗಡಿಯೂ ಇದೆ. ಮಂಡೆಕೋಲು ದಾಟಿದರೆ ಕೇರಳದ ದೇಲಂಪಾಡಿ. ಕಾಸರಗೋಡಿನ ಆ ಕನ್ನಡ ಪಂಚಾಯತುಗಳಲ್ಲೂ ಕೋವಿಗೆ ಪರವಾನಗಿ ಬೇಕು, ಆದರೆ ಹಂದಿಯ ವಿಷಯದಲ್ಲಿ ಕೇರಳ ಒಂದು ಹೆಜ್ಜೆ ಮುಂದೆ ಹೋಗಿದೆ. 2022ರಲ್ಲಿ ಅಲ್ಲಿನ ಸರ್ಕಾರ ಪಂಚಾಯತ್ ಅಧ್ಯಕ್ಷರಿಗೆ ಗೌರವ ವನ್ಯಜೀವಿ ವಾರ್ಡನ್ ಸ್ಥಾನ ಕೊಟ್ಟು, ಬೆಳೆ ಹಾಳು ಮಾಡುವ ಕಾಡುಹಂದಿಯನ್ನು ಪರವಾನಗಿ ಉಳ್ಳವರಿಂದ ಹೊಡೆಸುವ ಅಧಿಕಾರ ನೀಡಿತು. ಹೊಡೆದದ್ದನ್ನು ಹೂಳಬೇಕು, ಪಲ್ಯ ಮಾಡುವಂತಿಲ್ಲ. ಕಾಡುಹಂದಿಯ ಉಪದ್ರವ ಊರಿನ ಪಂಚಾಯತಿಗೇ ಗೊತ್ತಿರುವುದರಿಂದ ಈ ಏರ್ಪಾಡಿನಲ್ಲಿ ಅರ್ಥವಿದೆ.

ಏಕೆಂದರೆ ಬೆಳೆ ರಕ್ಷಣೆಯ ಕೋವಿಗೆ ಅಂಟಿದ ದೊಡ್ಡ ವಿಚಿತ್ರ ಇದೇ: ಕೋವಿಗೆ ಪರವಾನಗಿ ಇದ್ದ ಮಾತ್ರಕ್ಕೆ ಬೆಳೆ ತಿನ್ನುವ ಪ್ರಾಣಿಯನ್ನು ಹೊಡೆಯುವಂತಿಲ್ಲ. ಕೋವಿ ಒಂದು ಕಾಯ್ದೆಗೆ ಸೇರಿದ್ದು, ಪ್ರಾಣಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ. ಹಂದಿ ಎರಡನೇ ಅನುಸೂಚಿಯಲ್ಲಿದೆ. ಬೆಳೆ ಹಾನಿಯ ಕಾರಣಕ್ಕೆ ಹೊಡೆಯಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಆದೇಶ ಬೇಕು. ಆನೆ, ಕಾಟಿ, ನವಿಲು ಮೊದಲ ಅನುಸೂಚಿಯವು, ಬೆಳೆ ತಿಂದವು ಎಂದು ಅವನ್ನು ಮುಟ್ಟುವ ಹಾಗೇ ಇಲ್ಲ. 2022ರ ತಿದ್ದುಪಡಿಯಲ್ಲಿ ನಮ್ಮ ತೋಟಗಳ ಮಂಗವೂ ಆ ಮೊದಲ ಪಟ್ಟಿ ಸೇರಿತು. ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಹೊಡೆದರೆ ಅಪರಾಧವಲ್ಲ ಎಂಬ ಕಲಮು ಇದೆ, ಆದರೆ ಅದು ಮನುಷ್ಯರ ಜೀವದ ಮಾತು. ಅಡಿಕೆಯ ಜೀವ ಅದರಲ್ಲಿ ಬರುವುದಿಲ್ಲ. ಆದ್ದರಿಂದ ಆಕಾಶಕ್ಕೆ ಹೊಡೆಯುವ ಈಡೇ ಮೂರು ತಾಲೂಕಿನ ಕಾನೂನುಬದ್ಧ ಬೆಳೆ ರಕ್ಷಣೆ.

ಏರ್‌ಗನ್ ಹಿಡಿದವರೂ ಒಂದು ಮಾತು ತಿಳಿದಿರಬೇಕು. 0.177 ಇಂಚಿನ ಬೋರು ಮತ್ತು 20 ಜೌಲ್ ಶಕ್ತಿಯ ಒಳಗಿದ್ದರೆ ಮಾತ್ರ ಪರವಾನಗಿ ಬೇಡ, ದಾಟಿದರೆ ಅದೂ ಕೋವಿಯ ಲೆಕ್ಕಕ್ಕೇ.

ಪೊಲೀಸರ ಕಡೆಯ ಮಾತನ್ನೂ ಕೇಳದೆ ಬಿಡುವಂತಿಲ್ಲ. 2024ರ ಅದೇ ಚುನಾವಣೆಯ ಹೊತ್ತಿಗೆ ಕೂಜಿಮಲೆ, ಐನೆಕಿದು ಕಡೆ ನಕ್ಸಲರು ಕಾಣಿಸಿಕೊಂಡಿದ್ದರು. ಕಾಡಂಚಿನ ಒಂಟಿ ಮನೆಗಳಲ್ಲಿ ಕೋವಿ ಇರುವುದು ಅಂಥ ದಿನಗಳಲ್ಲಿ ಠಾಣೆಗೆ ಸಹಜವಾಗಿಯೇ ಚಿಂತೆ. 2025ರ ಜನವರಿಯಲ್ಲಿ ಸುಳ್ಯ ತಾಲೂಕಿನ ಮನೆಯೊಂದರಲ್ಲಿ ಪತಿ ಪತ್ನಿಯನ್ನು ಕೊಂದದ್ದು ಪರವಾನಗಿ ಇದ್ದ ಕೋವಿಯಿಂದಲೇ. ಮಂಗಕ್ಕೆಂದು ತಂದ ಕೋವಿ ಕುಡಿತದ ಜಗಳದ ಕೈಗೂ ಎಟಕುತ್ತದೆ. ಬೀಗ ಹಾಕಿದ ಕಪಾಟು, ತೋಟಾ ಬೇರೆ ಜಾಗದಲ್ಲಿ: ಇಷ್ಟನ್ನಾದರೂ ಪಾಲಿಸುವ ಮನೆಗಳು ಹೆಚ್ಚಬೇಕು. ಜಪಾನಿನಲ್ಲಿ ಇದು ಕಡ್ಡಾಯ. ಅಲ್ಲಿ ಬೇಟೆ ಕೋವಿ ಬೇಕೆಂದವರು ತರಗತಿಗೆ ಕೂತು ಲಿಖಿತ ಪರೀಕ್ಷೆ ಬರೆಯಬೇಕು, ವೈದ್ಯರ ಪ್ರಮಾಣಪತ್ರ ತರಬೇಕು, ವರ್ಷಕ್ಕೊಮ್ಮೆ ಕೋವಿಯನ್ನು ಪೊಲೀಸರಿಗೆ ತೋರಿಸಬೇಕು.

ನಮ್ಮ ತೋಟದವರಿಗೆ ಇನ್ನೂ ಹತ್ತಿರವಾದ ಉದಾಹರಣೆ ಆಸ್ಟ್ರೇಲಿಯಾದ್ದು. 1996ರ ಏಪ್ರಿಲ್‌ನಲ್ಲಿ ಟಾಸ್ಮೇನಿಯಾದ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನೇ 35 ಜನರನ್ನು ಕೊಂದ ಬಳಿಕ ಸರ್ಕಾರ ಸುಮಾರು 6.5 ಲಕ್ಷ ಕೋವಿಗಳನ್ನು ದುಡ್ಡು ಕೊಟ್ಟು ಹಿಂಪಡೆದು ನಾಶ ಮಾಡಿತು. ಅಷ್ಟು ಬಿಗಿ ಕಾನೂನಿನಲ್ಲೂ ಬೇಸಾಯ ಮತ್ತು ಬೆಳೆಗೇಡಿ ಪ್ರಾಣಿಗಳ ಹತೋಟಿ ಒಪ್ಪಿತ ಕಾರಣಗಳಾಗಿ ಉಳಿದವು. ಆತ್ಮರಕ್ಷಣೆ ಒಪ್ಪಿತ ಕಾರಣವಲ್ಲ. ಅಂದರೆ ಆ ದೇಶ ಕೃಷಿಕನ ಕೋವಿಯನ್ನು ಉಳಿದ ಕೋವಿಗಳಿಂದ ಬೇರೆ ಮಾಡಿ ನೋಡಿತು.

ಭಾರತದ ಚುನಾವಣಾ ಆಯೋಗವೂ ಬೇರೆ ಮಾಡಿ ನೋಡಲು ಹೇಳಿದೆ ಎನ್ನುವುದೇ ಇಲ್ಲಿ ಮುಖ್ಯ. 1996ರಿಂದ ಜಾರಿಯಲ್ಲಿರುವ ಆಯೋಗದ ಸೂಚನೆ ಎಲ್ಲ ಕೋವಿಗಳನ್ನೂ ಕಣ್ಣುಮುಚ್ಚಿ ಠಾಣೆಗೆ ತರಿಸಿ ಎನ್ನುವುದಿಲ್ಲ. ಪರವಾನಗಿಗಳನ್ನು ಪರಿಶೀಲಿಸಿ, ಜಾಮೀನಿನ ಮೇಲಿರುವವರು, ಅಪರಾಧ ಹಿನ್ನೆಲೆಯವರು, ಗಲಭೆಗಳಲ್ಲಿ, ಅದರಲ್ಲೂ ಚುನಾವಣಾ ಗಲಭೆಗಳಲ್ಲಿ ಹೆಸರಿದ್ದವರು ಇಂಥವರ ಕೋವಿಯನ್ನು ಠೇವಣಿ ಇರಿಸಿಕೊಳ್ಳಬೇಕು ಎನ್ನುತ್ತದೆ. ರೂಢಿಯಿಂದ ಆಯುಧ ಹೊಂದಲು ಅರ್ಹವಾದ ಸಮುದಾಯಗಳನ್ನು ಹೊರಗಿಡುತ್ತದೆ. ಬಾಂಬೆ ಹೈಕೋರ್ಟಿನ 2009ರ ತೀರ್ಪಿನ ಬಳಿಕ, ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ದಂಡಾಧಿಕಾರಿ ಮತ್ತು ಪೊಲೀಸ್ ಮುಖ್ಯಸ್ಥರ ಸ್ಕ್ರೀನಿಂಗ್ ಸಮಿತಿ ಒಬ್ಬೊಬ್ಬರ ಪ್ರಕರಣವನ್ನೂ ನೋಡಿ ತೀರ್ಮಾನಿಸಬೇಕು ಎಂಬುದು ಸ್ಪಷ್ಟವಾಯಿತು. ನಡೆಯುತ್ತಿರುವುದು ಮಾತ್ರ ಸುಲಭದ ದಾರಿ: ಒಂದೇ ಆದೇಶ, ಎಲ್ಲರಿಗೂ ಠೇವಣಿ. ಇದನ್ನು ಪ್ರಶ್ನಿಸಿ ದಕ್ಷಿಣ ಕನ್ನಡದ ಕೃಷಿಕರು ಹೈಕೋರ್ಟಿನ ಮೆಟ್ಟಿಲು ಹತ್ತಿದ್ದೂ ಆಗಿದೆ. ಪ್ರತಿ ಚುನಾವಣೆಗೂ ವಕೀಲರನ್ನು ಹಿಡಿಯುವುದು ಎರಡೆಕರೆ ತೋಟದವರಿಗೆ ಆಗುವ ಮಾತಲ್ಲ.

ಆಡಳಿತಕ್ಕೆ ಇಷ್ಟು ಹೇಳಬಹುದು: ಪರವಾನಗಿದಾರರ ಪಟ್ಟಿ, ಪೊಲೀಸ್ ವರದಿ, ಆರ್‌ಟಿಸಿ ಎಲ್ಲವೂ ಈಗಾಗಲೇ ಕಚೇರಿಯಲ್ಲೇ ಇವೆ, ಸಮಿತಿ ಕೂರುವುದಕ್ಕೆ ಚುನಾವಣೆ ಘೋಷಣೆಯಾಗುವವರೆಗೆ ಕಾಯಬೇಕಾಗಿಲ್ಲ. ಕೃಷಿಕರಿಗೂ ಒಂದು ಮಾತು. ವಿನಾಯಿತಿ ಬೇಕಿದ್ದರೆ ಬಾಯಿಮಾತಿನಲ್ಲಿ ಠಾಣೆಯಲ್ಲಿ ಕೇಳಿಕೊಳ್ಳುವುದರಿಂದ ಪ್ರಯೋಜನವಿಲ್ಲ. ಸ್ಕ್ರೀನಿಂಗ್ ಸಮಿತಿಯ ಹೆಸರಿಗೆ ಅರ್ಜಿ ಬರೆದು, ಪರವಾನಗಿಯ ಪ್ರತಿ, ಆರ್‌ಟಿಸಿ, ಬೆಳೆ ಹಾನಿಗೆ ಅರಣ್ಯ ಇಲಾಖೆಗೆ ಕೊಟ್ಟ ದೂರಿನ ಪ್ರತಿ ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ಠೇವಣಿ ಇಡಲೇಬೇಕಾಗಿ ಬಂದರೆ ಕೋವಿಯ ನಂಬರ್ ಮತ್ತು ಅದು ಇದ್ದ ಸ್ಥಿತಿಯನ್ನು ನಮೂದಿಸಿದ ರಸೀದಿ ಇಲ್ಲದೆ ಠಾಣೆಯಿಂದ ಹೊರಡಬೇಡಿ.